‘ಬಗ್ಗಿದರೆ ಜಾರುತ್ತೆ ಮೇಡಂ’

ನಾನು ಆಪ್ತ ಸಲಹೆಗಾರ್ತಿ. ಎರಡು ವರ್ಷಗಳಲ್ಲಿ ಒಂದೇ ಬಗೆಯ ಜಗಳ ಹೊತ್ತು ನನ್ನ ಬಳಿ ಬಂದ ಐದನೆಯ ದಂಪತಿ ಇವರು. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಒಬ್ಬರಿಗೆ ನೋವು. ಅವರು ಆಸ್ಪತ್ರೆ ಬಿಟ್ಟು ಬೇರೆ ಚಿಕಿತ್ಸೆ ಹಿಡಿದಿರುತ್ತಾರೆ. ಇನ್ನೊಬ್ಬರು ಅದನ್ನು ಮೋಸ ಅನ್ನುತ್ತಾರೆ. ಇಬ್ಬರೂ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ‘ಅದು ನಿಜವಾಗಿ ಕೆಲಸ ಮಾಡುತ್ತಾ ಇಲ್ವಾ, ನೀವೇ ಹೇಳಿಬಿಡಿ ಮೇಡಂ.’

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆಕೆಯನ್ನು ಸುಮಾ ಅನ್ನೋಣ. ನಲವತ್ತರ ಹತ್ತಿರದ ವಯಸ್ಸು, ಲೆಕ್ಕಪತ್ರದ ಕೆಲಸ, ನಾಲ್ಕು ವರ್ಷದ ಮಗಳು. ಒಂದು ಬೆಳಿಗ್ಗೆ ಅಕ್ಕಿ ಮೂಟೆ ಸರಿಸಲು ಹೋಗಿ ಸೊಂಟ ಹಿಡಿದುಕೊಂಡಿತು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂದು ಅತ್ತೆ ಪಕ್ಕದ ಬೀದಿಯವರನ್ನು ಕರೆಸಿದರು. ಆಮೇಲೆ ಮೂಳೆ ಡಾಕ್ಟರು, ಮಾತ್ರೆ, ಎಂಆರ್‌ಐ. ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ ಎಂದಿತ್ತು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಎಂದು. ಆಮೇಲೆ ಫೋನಿನಲ್ಲಿ ವಿಡಿಯೋ ನೋಡಿ ಕೈರೋಪ್ರಾಕ್ಟಿಕ್ ಕ್ಲಿನಿಕ್ಕು, ಅಂದರೆ ಕೈಯಿಂದ ಬೆನ್ನುಮೂಳೆ ಒತ್ತಿ ಸರಿಸುವವರ ಬಳಿ. ಒಂದು ತಿಂಗಳಲ್ಲಿ ನೋವು ಹೋಯಿತು. ಹದಿನಾಲ್ಕು ತಿಂಗಳಾದರೂ ವಾರಕ್ಕೊಂದು ಸಿಟ್ಟಿಂಗ್ ಮಾತ್ರ ನಿಂತಿರಲಿಲ್ಲ. ಗಂಡನ ಸಿಟ್ಟು ದುಡ್ಡಿನದು.

ಮೊದಲೆರಡು ಭೇಟಿ ದುಡ್ಡು, ಚಿಕಿತ್ಸೆ ಕೆಲಸ ಮಾಡಿತೋ ಇಲ್ಲವೋ ಎಂಬ ಮಾತಲ್ಲೇ ಮುಗಿದವು. ಮೂರನೆಯ ಸಲ ಸುಮಾ ಒಬ್ಬರೇ ಬಂದರು. ಬ್ಯಾಗಿನಿಂದ ಕರ್ಚೀಫು ತೆಗೆಯುವಾಗ ಮಗಳ ಹೇರ್ ಕ್ಲಿಪ್ಪೊಂದು ಕೆಳಗೆ ಬಿತ್ತು. ಕೆಂಪು ಬಣ್ಣದ ಚಿಟ್ಟೆ ಕ್ಲಿಪ್. ಆಕೆ ಅದನ್ನೇ ನೋಡುತ್ತಾ ಕೂತರು. ಆಮೇಲೆ ಮೇಜಿನ ಅಂಚು ಹಿಡಿದು, ಬೆನ್ನು ಒಂದಿಷ್ಟೂ ಬಾಗದಂತೆ ಮಂಡಿ ಮಡಚಿ, ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡವರ ಹಾಗೆ ಕೆಳಗಿಳಿದರು. ಬೆರಳ ತುದಿಯಲ್ಲಿ ಕ್ಲಿಪ್ ಎಳೆದುಕೊಂಡು ಮೇಲೆದ್ದಾಗ ಹಣೆಯಲ್ಲಿ ಬೆವರಿತ್ತು.

‘ನೋಯ್ತಾ?’ ಎಂದೆ.

‘ಇಲ್ಲ ಮೇಡಂ. ನೋವು ಹೋಗಿ ವರ್ಷದ ಮೇಲಾಯ್ತು.’

‘ಮತ್ತೆ?’

‘ಬಗ್ಗಿದರೆ ಜಾರುತ್ತೆ ಮೇಡಂ. ಮೂಳೆ ಜಾರಿದೆ, ವಾರವಾರ ಕೂರಿಸಬೇಕು ಅಂದಿದ್ದಾರೆ. ಬಿಟ್ಟರೆ ಕಾಲು ಹೋಗಬಹುದಂತೆ.’

ಆ ಹದಿನಾಲ್ಕು ತಿಂಗಳಲ್ಲಿ ಆಕೆ ಮಗಳನ್ನು ಎತ್ತಿಕೊಂಡಿರಲಿಲ್ಲ. ಬಾಗಿಲಿಗೆ ರಂಗೋಲಿ ಹಾಕಿರಲಿಲ್ಲ. ಮಗಳು ಓಡಿ ಬಂದು ತಬ್ಬಿಕೊಳ್ಳಲು ನೋಡಿದರೆ ಕೈ ಅಡ್ಡ ಹಿಡಿಯುವುದು ಅಭ್ಯಾಸವಾಗಿತ್ತು. ‘ಈ ಬೆನ್ನು ನನ್ನದು ಅಂತಲೇ ಅನ್ನಿಸಲ್ಲ ಮೇಡಂ, ಅವರ ಕೈಯಲ್ಲಿ ಕೊಟ್ಟುಬಿಟ್ಟಿದ್ದೀನಿ’ ಎಂದರು.

ಆ ಕ್ಷಣಕ್ಕೆ ನನ್ನ ಪ್ರಶ್ನೆಯೇ ಬದಲಾಯಿತು. ಚಿಕಿತ್ಸೆ ಕೆಲಸ ಮಾಡಿತೋ ಇಲ್ಲವೋ ಎಂದು ಎರಡು ಭೇಟಿ ಕಳೆದಿದ್ದೆವು. ಚಿಕಿತ್ಸೆಯ ಜೊತೆ ಬಂದ ಮಾತು ಕೆಲಸ ಮಾಡುತ್ತಲೇ ಇತ್ತು, ಅದನ್ನು ನಾನು ಕೇಳಿಸಿಕೊಂಡಿರಲಿಲ್ಲ.

ನನಗೆ ಗೊತ್ತಿರುವುದನ್ನು ಇಲ್ಲಿ ನೇರವಾಗಿ ಹೇಳುತ್ತೇನೆ. ಇದ್ದಕ್ಕಿದ್ದಂತೆ ಹಿಡಿಯುವ ಸೊಂಟನೋವು ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಗಾಗಿ ಒದ್ದವರು, ಮಾತ್ರೆ ಕೊಟ್ಟವರು, ಬೆನ್ನು ಲಟ್ ಅನ್ನಿಸಿದವರು, ಎಲ್ಲರಿಗೂ ಹೆಸರು ಬರುತ್ತದೆ. ಬೆನ್ನು ಒತ್ತಿ ಸರಿಸುವ ಚಿಕಿತ್ಸೆಯಿಂದ ಏನೂ ಉಪಯೋಗವಿಲ್ಲ ಎನ್ನುವುದೂ ಸರಿಯಲ್ಲ. ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಹೊಸ ಸೊಂಟನೋವಿಗೆ ಶಾಖ, ಮಸಾಜುಗಳ ಸಾಲಿನಲ್ಲಿ ಅದೂ ಇದೆ. ಆದರೆ ಅದರಿಂದ ಸಿಗುವ ಆರಾಮ ಸಾಧಾರಣ, ಉಳಿದವುಗಳಷ್ಟೇ.

‘ಮೂಳೆ ಜಾರಿದೆ’ ಎಂಬುದರ ಕಥೆ ಬೇರೆ. 1895ರಲ್ಲಿ ಅಮೆರಿಕದ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬಾತ, ಕಿವಿ ಕೇಳದ ಒಬ್ಬರ ಬೆನ್ನುಮೂಳೆ ಸರಿಸಿ ಕಿವಿ ಬರಿಸಿದೆ ಎಂದು ಹೇಳಿಕೊಂಡ. ಕೈರೋಪ್ರಾಕ್ಟಿಕ್ ಹುಟ್ಟಿದ್ದು ಹೀಗೆ. ಜಾರಿದ ಮೂಳೆಯೇ ಹೆಚ್ಚಿನ ರೋಗಗಳ ಮೂಲ ಎಂಬ ವಾದ ಅಲ್ಲಿಂದ ಬೆಳೆಯಿತು. ಅದು ಇತಿಹಾಸದ ಒಂದು ಕಲ್ಪನೆ, ರೋಗಕ್ಕೆ ಅದೇ ಕಾರಣ ಎನ್ನಲು ಪುರಾವೆಯಿಲ್ಲ ಎಂದು ಬ್ರಿಟನ್ನಿನಲ್ಲಿ ಈ ವೃತ್ತಿಯವರನ್ನು ನಿಯಂತ್ರಿಸುವ ಮಂಡಳಿಯೇ 2010ರಲ್ಲಿ ಹೇಳಿತು. ಲಟ್ ಎಂಬ ಸದ್ದಿನಲ್ಲೂ ಮೂಳೆ ಜಾಗಕ್ಕೆ ಕೂರುವುದಿಲ್ಲ. ದೃಷ್ಟಿ ತೆಗೆದು ಅಜ್ಜಿ ನೆಟಿಕೆ ಮುರಿಯುವಾಗ ಬರುವ ಸದ್ದಿನ ಜಾತಿಯೇ ಅದು, ಕೀಲಿನ ದ್ರವದಲ್ಲಿ ಗಾಳಿಗುಳ್ಳೆಯ ಆಟ. ‘ಡಿಸ್ಕ್ ಬಲ್ಜ್’ ಎಂಬ ಪದಕ್ಕೂ ಅಷ್ಟು ಹೆದರಬೇಕಿಲ್ಲ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಒಟ್ಟು ಮಾಡಿ ನೋಡಿದ 2015ರ ವಿಶ್ಲೇಷಣೆಯಲ್ಲಿ, ನಲವತ್ತರ ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿಗೆ ಅದು ಇತ್ತು.

ಇಷ್ಟನ್ನೂ ಅಂದು ಸುಮಾಗೆ ಒಪ್ಪಿಸಲಿಲ್ಲ. ‘ಯಾಕೆ ನೇರವಾಗಿ ಬಿಡಿ ಅನ್ನಲಿಲ್ಲ, ಇದು ನಿಮ್ಮ ಅಂಜಿಕೆ’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಅಂಜಿಕೆಯಾಗಿರಲಿಲ್ಲ. ಗಂಡ, ಅತ್ತೆ, ಕ್ಲಿನಿಕ್ಕಿನವರು, ಮೂವರೂ ಆ ಬೆನ್ನಿನ ಬಗ್ಗೆ ಆಗಲೇ ತೀರ್ಪು ಕೊಟ್ಟಿದ್ದರು. ನಾನು ನಾಲ್ಕನೆಯವಳಾಗಿ ತೀರ್ಪು ಕೊಟ್ಟರೆ ಆ ಬೆನ್ನು ಇವರ ಕೈಯಿಂದ ನನ್ನ ಕೈಗೆ ಬರುತ್ತಿತ್ತು ಅಷ್ಟೆ. ಮೇಲಾಗಿ ನಾನು ವೈದ್ಯೆಯಲ್ಲ. ಎಂಆರ್‌ಐ ರಿಪೋರ್ಟನ್ನು ಮತ್ತೆ ಡಾಕ್ಟರ ಬಳಿ ಒಯ್ದು ಒಂದೇ ಪ್ರಶ್ನೆ ಕೇಳಿ ಎಂದೆ: ‘ನಾನು ಬಗ್ಗಬಹುದಾ? ಮಗುವನ್ನು ಎತ್ತಬಹುದಾ?’ ಹದಿನಾಲ್ಕು ತಿಂಗಳಲ್ಲಿ ಅದನ್ನು ಯಾರಲ್ಲೂ ಆಕೆ ಕೇಳಿರಲಿಲ್ಲ. ಯಾರೂ ತಾವಾಗಿ ಹೇಳಿರಲೂ ಇಲ್ಲ. ಆಸ್ಪತ್ರೆಯವರ ಮೇಲೆ ನನಗಿರುವ ದೂರು ಇದೇ. ಸ್ಕ್ಯಾನ್ ಓದಿ ಹೇಳುತ್ತಾರೆ, ನಾಳೆ ಬೆಳಿಗ್ಗೆ ಎದ್ದು ಏನು ಮಾಡಬಹುದು ಎಂದು ಹೇಳುವುದಿಲ್ಲ. ಆ ಜಾಗಕ್ಕೆ ಬೇರೆಯವರು ಬಂದು ಕೂರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಸಲಹೆಗಾರ್ತಿಯ ಸಂಯಮ ಬದಿಗಿಟ್ಟು ಬೇಡ ಎಂದೇ ಹೇಳಿದೆ. ಸೊಂಟದ ಜೊತೆ ಪ್ರತಿ ವಾರ ಕತ್ತನ್ನೂ ತಿರುಗಿಸುತ್ತಿದ್ದರು, ಅದಕ್ಕೆ. ಮಿದುಳಿಗೆ ಹೋಗುವ ಎರಡು ರಕ್ತನಾಳಗಳು ಕತ್ತಿನ ಮೂಳೆಗಳ ತೂತುಗಳಲ್ಲೇ ಹಾದು ಹೋಗುತ್ತವೆ. ಥಟ್ಟನೆ ತಿರುಗಿಸಿದಾಗ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ತೀರಾ ಅಪರೂಪ, ನಿಜ. ಆದರೆ 2024ರಲ್ಲಿ ಬಳ್ಳಾರಿಯಲ್ಲಿ ಕಟಿಂಗ್ ಶಾಪಿನಲ್ಲಿ ತಲೆ ಮಸಾಜಿನ ಕೊನೆಗೆ ಕತ್ತು ತಿರುಗಿಸಿದ್ದರಿಂದ ಯುವಕನೊಬ್ಬನಿಗೆ ಹೀಗೇ ಆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕತ್ತುನೋವೇ ಇಲ್ಲದವರು ಆ ಅಪಾಯವನ್ನು ವಾರವಾರ ಯಾಕೆ ಹೊರಬೇಕು?

ಇದನ್ನು ಓದುತ್ತಿರುವವರಿಗೂ ಒಂದು ಮಾತು. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಗ್ಗಿದರೆ, ತೊಡೆಸಂದಿ ಮತ್ತು ಕುಂಡೆಯ ಭಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಯಾರ ಕೈಗೂ ಬೆನ್ನು ಕೊಡಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಗಂಡನಿಗೆ ಹೇಳಿದ್ದು ಇಷ್ಟೇ: ‘ಮೋಸ’ ಎಂಬ ಪದ ಬಿಡಿ. ಅವರಿಗೇ ಹಿಂದೆ ಕಾಮಾಲೆಯಾದಾಗ ಊರಿನ ಸೊಪ್ಪಿನ ಔಷಧಿ ಕುಡಿದು ಗುಣವಾಗಿತ್ತು, ಇವತ್ತಿಗೂ ಅದನ್ನು ನಂಬುತ್ತಾರೆ. ನೀರು, ಊಟದಿಂದ ಬರುವ ಸಾಮಾನ್ಯ ಕಾಮಾಲೆಯೂ ಬಹುತೇಕ ತಾನಾಗಿ ಇಳಿಯುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅವಳಿಗೂ ನನ್ನ ಹಾಗೇ ಆಗಿದೆ’ ಎಂದರು.

ಡಾಕ್ಟರು ಬಗ್ಗಬಹುದು ಎಂದರು, ಫಿಜಿಯೋಥೆರಪಿಗೆ ಬರೆದುಕೊಟ್ಟರು. ಮೊದಲ ವಾರ ಸುಮಾ ಖಾಲಿ ಬಕೆಟ್ ಎತ್ತಿದರು, ಆಮೇಲೆ ಅರ್ಧ ಬಕೆಟ್ ನೀರು. ಮಗಳನ್ನು ಎತ್ತಿದ ದಿನ ನನಗೆ ಫೋನ್ ಮಾಡಿದರು, ಮಾತು ಹೊರಡಲಿಲ್ಲ.

ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಬಂದರು. ಕೂತವರು ತಲೆ ತಗ್ಗಿಸಿಕೊಂಡೇ, ‘ಬೈಬೇಡಿ ಮೇಡಂ, ಹೋದ ವಾರ ಮತ್ತೆ ಕ್ಲಿನಿಕ್ಕಿಗೆ ಹೋಗಿದ್ದೆ’ ಎಂದರು. ಬೈಯಲು ನಾನು ಯಾರು! ಹೇಗಿತ್ತು ಎಂದು ಕೇಳಿದೆ.

‘ಬೆನ್ನು ಒತ್ತಿದರು, ಹಾಯಾಗಿತ್ತು. ಕತ್ತಿಗೆ ಕೈ ಹಾಕಿದರು. ಬೇಡ ಅಂದೆ.’

‘ಅವರು ಏನಂದರು?’

‘ಏನೂ ಅನ್ನಲಿಲ್ಲ ಮೇಡಂ. ಕೈ ತೆಗೆದರು.’