ಫಾರ್ವರ್ಡರ್, ಸಿಎಚ್‌ಎ, ಲೈನ್: ಮಾಲಿಗೆ ಏನಾದರೂ ಆದರೆ ಯಾರನ್ನು ಕೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ತೀರ್ಥಹಳ್ಳಿ ಹತ್ತಿರ ನಿಮ್ಮದು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ದುಬೈನಿಂದ ಮೊದಲ ಆರ್ಡರ್ ಬಂದಿದೆ. ಮಂಗಳೂರಿನ ಒಬ್ಬರು "ಎಲ್ಲಾ ನಾನು ನೋಡ್ಕೋತೀನಿ, ನೀವು ಮಾಲು ರೆಡಿ ಇಡಿ ಸಾಕು" ಅಂದಿದ್ದಾರೆ. ಖರೀದಿದಾರ ಮಾತ್ರ "ನಮ್ಮ ಫಾರ್ವರ್ಡರ್‌ಗೇ (ಸಾಗಣೆಯ ವ್ಯವಸ್ಥೆ ಮಾಡಿಕೊಡುವವರು) ಕೊಡಿ" ಅನ್ನುತ್ತಿದ್ದಾರೆ. ಮಾಲು ಹಾಳಾದರೆ ಅಥವಾ ದುಡ್ಡು ಬರದಿದ್ದರೆ ಮಧ್ಯದ ಇಷ್ಟೊಂದು ಜನರಲ್ಲಿ ಕಾನೂನಿನ ಪ್ರಕಾರ ಯಾರು ಹೊಣೆ ಅನ್ನುವುದು ನಿಮ್ಮ ಚಿಂತೆ.

ನಾನು ಮಂಗಳೂರಿನ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಬಹಳ ವರ್ಷ ಕಾಗದಪತ್ರದ ಕೆಲಸ ಮಾಡಿದವನು. ಈಗ ಶಿವಮೊಗ್ಗದಲ್ಲಿದ್ದೇನೆ. ನಮ್ಮ ಕಡೆಯಿಂದ ಮೆಣಸು, ತಟ್ಟೆ ಕಳಿಸುವವರಿಗೆ ಈಗಲೂ ಕಾಗದ ನೋಡಿಕೊಡುತ್ತೇನೆ. ಅವರೆಲ್ಲರಿಗೂ ಹೇಳುವುದು ಒಂದೇ ಮಾತು. ಮಧ್ಯವರ್ತಿಯ ವಿಸಿಟಿಂಗ್ ಕಾರ್ಡಿನಲ್ಲಿ ಏನಿದೆ ಎಂದು ನೋಡಬೇಡಿ. ನಿಮ್ಮ ಕೈಗೆ ಕೊಡುವ ಕಾಗದಕ್ಕೆ ಆತ ಯಾರಾಗಿ ಸಹಿ ಹಾಕಿದ್ದಾನೆ ಎಂದು ನೋಡಿ. ಸಾಗಿಸುವವನಾಗಿ ಹಾಕಿದ್ದಾನಾ, ಅಥವಾ ಬೇರೊಬ್ಬರ ಏಜೆಂಟ್ ಆಗಿ ಹಾಕಿದ್ದಾನಾ? ಹೊಣೆಯ ಮುಕ್ಕಾಲು ಭಾಗ ಅಲ್ಲೇ ತೀರ್ಮಾನ ಆಗುತ್ತದೆ.

ನಿಮ್ಮ ಊರಿನಿಂದಲೇ ಶುರು ಮಾಡೋಣ. ಆಗುಂಬೆ ಘಾಟಿಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ, ಸುತ್ತಿಕೊಂಡೇ ಇಳಿಯಬೇಕು. ಮಳೆಗಾಲದಲ್ಲಿ ಬೇರೆ ಘಾಟಿಗಳೂ ಕೈಕೊಡುತ್ತವೆ. ಆ ದಾರಿಯಲ್ಲಿ ಮಾಲು ನೆನೆದರೆ ಹಡಗಿನವರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ನಡೆಯುವುದು 2007ರ ರಸ್ತೆ ಸಾಗಣೆ ಕಾನೂನು. ಲಾರಿ ಆಫೀಸಿನವರು ನಿಮಗೆ ರಸೀದಿ ಕೊಡಲೇಬೇಕು. ಆದರೆ ಮಾಲಿನ ಬೆಲೆ ಬರೆಸಿ ಹೆಚ್ಚಿನ ದರ ಕೊಡದಿದ್ದರೆ, ಅವರು ಕೊಡುವ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಕೇಸ್ ಹಾಕುವ ದಾರಿಯೂ ಮುಚ್ಚುತ್ತದೆ. ಬಹಳ ಜನ ಈ ಲಾರಿ ರಸೀದಿಯನ್ನು ಮಡಚಿ ಜೇಬಿಗೆ ಹಾಕಿ ಮರೆತುಬಿಡುತ್ತಾರೆ. ಅದನ್ನು ಫೈಲಿನಲ್ಲಿ ಇಡಿ.

ಇನ್ನು ಸಿಎಚ್‌ಎ, ಅಂದರೆ ನಿಮ್ಮ ಪರವಾಗಿ ಕಸ್ಟಮ್ಸ್ ಕಾಗದಪತ್ರ ಮಾಡಿಸುವವರು. ಕಾನೂನಿನಲ್ಲಿ ಈಗ ಇವರ ಹೆಸರು ಕಸ್ಟಮ್ಸ್ ಬ್ರೋಕರ್, ಬಂದರಿನಲ್ಲಿ ಎಲ್ಲರೂ ಕರೆಯುವುದು ಇಂದಿಗೂ ಸಿಎಚ್‌ಎ ಎಂದೇ. ಈ ಇಡೀ ಸಾಲಿನಲ್ಲಿ ಅತಿ ಬಿಗಿಯಾದ ಕಾನೂನಿನ ಕೆಳಗೆ ಕೆಲಸ ಮಾಡುವವರು ಇವರು. 1962ರ ಕಸ್ಟಮ್ಸ್ ಕಾಯಿದೆಯ 146ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಈ ಕೆಲಸ ಮಾಡುವ ಹಾಗಿಲ್ಲ, ಲೈಸೆನ್ಸ್ ಬೇಕೆಂದರೆ ಪರೀಕ್ಷೆ ಪಾಸಾಗಬೇಕು. 2018ರ ನಿಯಮಗಳಲ್ಲಿ 10ನೇ ನಿಯಮ ಇವರ ಕರ್ತವ್ಯಗಳ ಪಟ್ಟಿ. ನಿಮ್ಮಿಂದ ಲಿಖಿತ ಅಧಿಕಾರ ಪತ್ರ ತೆಗೆದುಕೊಳ್ಳಬೇಕು. ನಿಮ್ಮ ಐಇಸಿ (ಆಮದು-ರಫ್ತು ಕೋಡ್), ಜಿಎಸ್‌ಟಿ ನಂಬರ್ ಸರಿಯಾ, ನೀವು ಹೇಳಿದ ವಿಳಾಸದಲ್ಲಿ ನಿಜವಾಗಿ ಕೆಲಸ ನಡೆಯುತ್ತಿದೆಯಾ ಎಂದು ಪರಿಶೀಲಿಸಬೇಕು. ಕಾನೂನು ಪಾಲಿಸಿ ಎಂದು ನಿಮಗೆ ತಿಳಿಹೇಳಬೇಕು. ನೀವು ಕೇಳದಿದ್ದರೆ ಅದನ್ನು ಕಸ್ಟಮ್ಸ್ ಅಧಿಕಾರಿಗೆ ತಿಳಿಸಬೇಕು. ಹಾಗಾಗಿ ಅವರು ಜಾಸ್ತಿ ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಏನೂ ಕೇಳದೆ "ಸಹಿ ಮಾಡಿದ ಲೆಟರ್‌ಹೆಡ್ ನಾಲ್ಕು ಕಳಿಸಿ" ಅನ್ನುವವರ ಬಗ್ಗೆ ಹುಷಾರಾಗಿರಿ.

ಸಿಎಚ್‌ಎ ಇದ್ದಾರೆ ಅಂತ ನಿಮ್ಮ ಹೊಣೆ ಹೋಗುವುದಿಲ್ಲ. ಶಿಪ್ಪಿಂಗ್ ಬಿಲ್ಲಿನಲ್ಲಿ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಬರೆದದ್ದು ಸರಿ ಇರಬೇಕಾದದ್ದು ರಫ್ತುದಾರನ ಜವಾಬ್ದಾರಿ. 147ನೇ ಸೆಕ್ಷನ್ ಪ್ರಕಾರ, ನಿಮ್ಮ ಏಜೆಂಟ್ ಮಾಡಿದ ಕೆಲಸ ನಿಮಗೆ ಗೊತ್ತಿದ್ದೇ, ನಿಮ್ಮ ಒಪ್ಪಿಗೆಯಿಂದಲೇ ಆದದ್ದು ಎಂದು ಹಿಡಿಯುತ್ತಾರೆ. ಹಾಗಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 114ಎಎ ಸೆಕ್ಷನ್ ಕೆಳಗೆ ದಂಡ ಮಾಲಿನ ಬೆಲೆಯ ಐದು ಪಟ್ಟಿನವರೆಗೂ ಹೋಗಬಹುದು. ಬಿಲ್ಲು ಫೈಲ್ ಮಾಡುವ ಮೊದಲು ಚೆಕ್‌ಲಿಸ್ಟ್ (ಅದರ ಕರಡು) ತರಿಸಿಕೊಂಡು ಬೆಲೆ, ತೂಕ, ಎಚ್‌ಎಸ್ ಕೋಡ್ (ಮಾಲಿನ ವರ್ಗದ ಸಂಖ್ಯೆ) ನೀವೇ ಓದಿ. ಅರ್ಧ ಗಂಟೆಯ ಕೆಲಸ ಅಷ್ಟೇ.

ಆ ಕಡೆಯ ದೇಶದ ಕಾನೂನು ಹೇಳಿಕೊಡುವುದು ಸಿಎಚ್‌ಎ ಕೆಲಸ ಅಲ್ಲ ಎಂಬುದೂ ನೆನಪಿರಲಿ. 2025ರಲ್ಲಿ ಅಮೆರಿಕದ ಆಹಾರ-ಔಷಧ ಸುರಕ್ಷತಾ ಇಲಾಖೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಯನ್ನು ಆಹಾರಕ್ಕೆ ಬಳಸಲು ಒಪ್ಪಿಗೆ ಇಲ್ಲ ಎಂದು ಹೇಳಿತು. ನಮ್ಮ ಮಲೆನಾಡಿನ ಎಷ್ಟೋ ಘಟಕಗಳಿಗೆ ಅದರಿಂದ ಪೆಟ್ಟು ಬಿತ್ತು. ಇಂಥದ್ದನ್ನು ಸಿಎಚ್‌ಎ ಹೇಳಲಿಲ್ಲ ಎಂದು ದೂರಿ ಪ್ರಯೋಜನವಿಲ್ಲ. ದುಬೈನಲ್ಲಿ ಏನೇನು ಪ್ರಮಾಣಪತ್ರ ಬೇಕು ಎಂದು ಖರೀದಿದಾರರಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ.

ಈಗ ಫಾರ್ವರ್ಡರ್. ಜಾಸ್ತಿ ಗೊಂದಲ ಇರುವುದು ಇಲ್ಲೇ. ಸಿಎಚ್‌ಎಗೆ ಇದ್ದ ಹಾಗೆ ಫಾರ್ವರ್ಡರ್‌ಗೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಲೈಸೆನ್ಸ್ ಕಾನೂನು ಇಲ್ಲ. ಆತ ಎರಡು ರೀತಿಯಲ್ಲಿ ಕೆಲಸ ಮಾಡಬಹುದು. ಒಂದು, ನಿಮ್ಮ ಏಜೆಂಟ್ ಆಗಿ ಹಡಗಿನಲ್ಲಿ ಜಾಗ ಹಿಡಿಯುವುದು, ಲಾರಿ ಗೊತ್ತು ಮಾಡುವುದು. ಆಗ 1872ರ ಒಪ್ಪಂದ ಕಾಯಿದೆ ಅನ್ವಯಿಸುತ್ತದೆ. ತನ್ನ ಕಸುಬಿಗೆ ತಕ್ಕ ಜಾಣ್ಮೆ, ಕಾಳಜಿಯಿಂದ ಕೆಲಸ ಮಾಡಬೇಕು, ತನ್ನ ಅಲಕ್ಷ್ಯದಿಂದ ನೇರವಾಗಿ ಆದ ನಷ್ಟ ಕಟ್ಟಿಕೊಡಬೇಕು ಎನ್ನುತ್ತದೆ ಅದರ 212ನೇ ಸೆಕ್ಷನ್. ಬಂದರಿನ ಹೆಸರು ತಪ್ಪು ಬರೆದರೆ, ಕಟ್‌ಆಫ್ ದಿನ (ಮಾಲು ಒಪ್ಪಿಸುವ ಕೊನೆಯ ದಿನ) ತಪ್ಪಿಸಿದರೆ ಆತನನ್ನು ಕೇಳಬಹುದು. ಆದರೆ ಹಡಗಿನಲ್ಲಿ ನೀರು ನುಗ್ಗಿದರೆ ಆತ ಹೊಣೆಯಲ್ಲ, ಹಡಗಿನ ಲೈನ್‌ನವರು, ಅಂದರೆ ಹಡಗು ಕಂಪನಿಯವರು, ಹೊಣೆ. ಯಾರ ಪರವಾಗಿ ಎಂದು ಹೇಳದೆ ಒಪ್ಪಂದ ಮಾಡಿದ ಏಜೆಂಟ್ ಮಾತ್ರ ತಾನೇ ಸಿಕ್ಕಿಬೀಳುತ್ತಾನೆ, ಅದು 230ನೇ ಸೆಕ್ಷನ್.

ಎರಡನೆಯದು, ಆತ ತನ್ನದೇ ಬಿಲ್ ಆಫ್ ಲೇಡಿಂಗ್ (ಬಿಎಲ್, ಮಾಲು ಸಾಗಿಸಲು ತೆಗೆದುಕೊಂಡದ್ದಕ್ಕೆ ಸಾಗಣೆದಾರ ಕೊಡುವ ಪತ್ರ) ಕೊಡುವುದು. ಇದಕ್ಕೆ ಹೌಸ್ ಬಿಎಲ್ ಎನ್ನುತ್ತಾರೆ. ಹಡಗು ಇಲ್ಲದೆಯೂ ಸಾಗಣೆದಾರನ ಜಾಗದಲ್ಲಿ ನಿಲ್ಲುವ ಇಂಥವರಿಗೆ ಎನ್‌ವಿಒಸಿಸಿ ಎಂಬ ಹೆಸರು. ನಿಮ್ಮ ಲಾಟ್ ಸಣ್ಣದು, ಪೂರ್ತಿ ಕಂಟೇನರ್ ತುಂಬುವುದಿಲ್ಲ, ಅಲ್ವಾ? ಹಾಗಿದ್ದರೆ ಹತ್ತು ಜನರ ಮಾಲು ಸೇರಿಸಿ ಕಂಟೇನರ್ ತುಂಬುವವರೇ ನಿಮಗೆ ಗತಿ. ನಿಮಗೆ ಸಿಗುವುದೂ ಬಹುತೇಕ ಹೌಸ್ ಬಿಎಲ್ಲೇ. ಲೈನ್‌ನವರು ಕೊಡುವ ಮಾಸ್ಟರ್ ಬಿಎಲ್‌ನಲ್ಲಿ ಮಾಲು ಕಳಿಸಿದವರು ಎಂದು ಇರುವುದು ಆ ಕನ್ಸಾಲಿಡೇಟರ್ ಹೆಸರು. ಲೈನ್‌ಗೆ ನೀವು ಯಾರೋ ಗೊತ್ತಿಲ್ಲ. ನಿಮ್ಮ ಮಟ್ಟಿಗೆ ಸಾಗಣೆದಾರ ಎಂದರೆ ಹೌಸ್ ಬಿಎಲ್ ಕೊಟ್ಟವನೇ.

ಹೌಸ್ ಬಿಎಲ್ ಅಂದ ತಕ್ಷಣ ಹೆದರುವುದು ಬೇಡ. 1993ರ ಬಹುಮಾದರಿ ಸಾಗಣೆ ಕಾಯಿದೆಯಂತೆ ಡಿಜಿ ಶಿಪ್ಪಿಂಗ್‌ನಲ್ಲಿ (ಕೇಂದ್ರದ ಹಡಗು ಸಾಗಣೆ ಇಲಾಖೆ) ನೋಂದಾಯಿಸಿಕೊಂಡವರು ಎಂಟಿಒ (ಬಹುಮಾದರಿ ಸಾಗಣೆದಾರ) ಆಗುತ್ತಾರೆ. ಮಾಲು ಕೈಗೆ ತೆಗೆದುಕೊಂಡಲ್ಲಿಂದ ಆ ಕಡೆ ಒಪ್ಪಿಸುವವರೆಗೆ, ಲಾರಿ ಇರಲಿ ಹಡಗು ಇರಲಿ, ಹೊಣೆ ಅವರದ್ದೇ. "ಅದು ಲಾರಿಯವನ ತಪ್ಪು" ಎಂದು ಅವರು ಜಾರಿಕೊಳ್ಳುವ ಹಾಗಿಲ್ಲ. ನಿಮ್ಮಂಥ ಸಣ್ಣವರಿಗೆ ಇದು ತುಂಬ ಒಳ್ಳೆಯದು, ಯಾಕೆಂದರೆ ಹಾನಿ ಎಲ್ಲಿ ಆಯಿತು ಎಂದು ತೀರ್ಥಹಳ್ಳಿಯಲ್ಲಿ ಕೂತು ಹುಡುಕುವುದು ಆಗದ ಮಾತು. "ಎಲ್ಲಾ ನಾನು ನೋಡ್ಕೋತೀನಿ" ಎಂದವರನ್ನು "ನಿಮ್ಮ ಎಂಟಿಒ ನಂಬರ್ ಎಷ್ಟು? ಬಿಎಲ್ ಯಾರ ಹೆಸರಿನಲ್ಲಿ ಬರುತ್ತದೆ?" ಎಂದು ಕೇಳಿ. ಸರಿಯಾದವರು ಅದೇ ಫೋನಿನಲ್ಲಿ ಉತ್ತರ ಹೇಳುತ್ತಾರೆ.

ಖರೀದಿದಾರ ಸೂಚಿಸಿದ ಫಾರ್ವರ್ಡರ್ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಎಫ್‌ಒಬಿ ಒಪ್ಪಂದದಲ್ಲಿ (ಹಡಗು ಹತ್ತಿಸುವವರೆಗೆ ಮಾತ್ರ ನಿಮ್ಮ ಹೊಣೆ) ಹಡಗಿನ ಬಾಡಿಗೆ ಕೊಡುವವರು ಅವರು, ಫಾರ್ವರ್ಡರ್‌ನ ಆಯ್ಕೆಯೂ ಅವರದ್ದೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಫಾರ್ವರ್ಡರ್‌ಗೆ ನಿತ್ಯ ಕೆಲಸ ಕೊಡುವವರು ಅವರು, ನೀವಲ್ಲ. ಕೆಲವರು ಬಿಎಲ್ ಬದಲು ಎಫ್‌ಸಿಆರ್ ಎಂಬ ಸ್ವೀಕೃತಿ ಕೊಡುತ್ತಾರೆ. ಅದು ಮಾಲು ತಲುಪಿತು ಎನ್ನುವ ರಸೀದಿ ಮಾತ್ರ. ಅದನ್ನು ಹಿಡಿದುಕೊಂಡು ಮಾಲನ್ನು ತಡೆಯಲು ಆಗುವುದಿಲ್ಲ. ಆರ್ಡರ್ ಬಿಎಲ್ ಆದರೆ ಮೂಲ ಪ್ರತಿ ಕೊಟ್ಟವರಿಗೇ ಮಾಲು ಬಿಡಬೇಕು. ಮೂಲ ಪ್ರತಿ ಇಲ್ಲದೆ ಬಿಟ್ಟರೆ ಸಾಗಣೆದಾರನೇ ನಿಮಗೆ ಹೊಣೆ. ಅದಕ್ಕೇ ಮೊದಲ ಆರ್ಡರಿಗೆ ಪೂರ್ತಿ ಮುಂಗಡ ಇಲ್ಲದಿದ್ದರೆ ಆರ್ಡರ್ ಬಿಎಲ್ ಮೂರೂ ಮೂಲ ಪ್ರತಿ ತೆಗೆದುಕೊಂಡು ಬ್ಯಾಂಕ್ ಮೂಲಕವೇ ಕಳಿಸಿ. "ಬೇಗ ಆಗಲಿ, ಸರೆಂಡರ್ ಮಾಡಿಬಿಡಿ" (ಮೂಲ ಪ್ರತಿಗಳನ್ನು ಇಲ್ಲೇ ವಾಪಸ್ ಕೊಟ್ಟುಬಿಡಿ) ಎಂದು ಒತ್ತಾಯ ಬಂದರೆ, ದುಡ್ಡು ಖಾತೆಗೆ ಬಿದ್ದ ಮೇಲೆ ಎಂದು ಹೇಳಿ.

ಇನ್ನೊಂದು ಅಪಾಯ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಾಗರ ಕಡೆಯ ಪರಿಚಯದವರೊಬ್ಬರು ಮೆಣಸು ಕಳಿಸಿದ್ದರು. ಬಾಡಿಗೆಯನ್ನು ಫಾರ್ವರ್ಡರ್‌ಗೆ ಮೊದಲೇ ಕಟ್ಟಿದ್ದರು, ರಸೀದಿಯೂ ಇತ್ತು. ಆತ ಲೈನ್‌ಗೆ ಕಟ್ಟಿರಲಿಲ್ಲ. ಆ ಕಡೆ ಕಂಟೇನರ್ ನಿಂತಿತು, ದಿನ ದಿನಕ್ಕೂ ಡೆಮರೇಜ್ (ಮಾಲು ಬಿಡಿಸದೆ ನಿಂತದ್ದಕ್ಕೆ ಕಟ್ಟುವ ಹಣ) ಏರಿತು. ಫಾರ್ವರ್ಡರ್ ಮೇಲೆ ಕೇಸ್ ಹಾಕುವ ಹಕ್ಕು ಅವರಿಗೆ ಖಂಡಿತ ಇತ್ತು. ಆದರೆ ಬಾಡಿಗೆ ಬರುವವರೆಗೆ ಮಾಲು ಹಿಡಿದಿಡುವ ಹಕ್ಕು ಲೈನ್‌ಗೂ ಇರುತ್ತದೆ. ಕೊನೆಗೆ ಬಾಡಿಗೆ ಎರಡು ಸಲ ಕಟ್ಟಿಯೇ ಮಾಲು ಬಿಡಿಸಿಕೊಂಡರು. ಆ ಮನೆಯಲ್ಲಿ ಆಗಿನ ಸಂಕಟ ಕಣ್ಣಾರೆ ನೋಡಿದ್ದೇನೆ. ಪೂರ್ತಿ ಕಂಟೇನರ್ ಕಳಿಸುವ ಹಂತಕ್ಕೆ ನೀವು ಬಂದಾಗ, ಬಾಡಿಗೆ ಲೈನ್‌ಗೆ ಸೇರಿದ ರಸೀದಿಯ ಪ್ರತಿ ಕೇಳಿ.

ಇದೇ ಮಾತಿನಲ್ಲಿ ಫಾರ್ವರ್ಡರ್ ಮಾಲು ಹಿಡಿದಿಡುವ ವಿಷಯವೂ ಬರುತ್ತದೆ. ಈ ಲಾಟಿನ ಖರ್ಚು ಬಾಕಿ ಇದ್ದರೆ ಆ ಲಾಟು ಹಿಡಿಯಬಹುದು. ಹಳೆಯ ಬಾಕಿಗೆ ಹೊಸ ಲಾಟು ಹಿಡಿಯುವ ಸಾಮಾನ್ಯ ಹಕ್ಕನ್ನು ಒಪ್ಪಂದ ಕಾಯಿದೆಯ 171ನೇ ಸೆಕ್ಷನ್ ಬ್ಯಾಂಕ್‌ನಂಥ ಕೆಲವರಿಗೆ ಮಾತ್ರ ಕೊಟ್ಟಿದೆ. ಫಾರ್ವರ್ಡರ್ ಆ ಪಟ್ಟಿಯಲ್ಲಿಲ್ಲ. ಆದರೆ ಕೊಟೇಶನ್ ಹಿಂದೆ ಸಣ್ಣ ಅಕ್ಷರದ ಷರತ್ತಿನಲ್ಲಿ ಆ ಹಕ್ಕನ್ನು ಬರೆದುಕೊಂಡಿರುತ್ತಾರೆ. ನೀವು ಒಪ್ಪಿದರೆ ಅದೂ ನಡೆಯುತ್ತದೆ. ಓದಿ ಸಹಿ ಹಾಕಿ.

ಪರಿಹಾರದ ಲೆಕ್ಕಕ್ಕೆ ಬರೋಣ. ಎಂಟಿಒ ಆಗಲಿ, 2025ರ ಹೊಸ ಸಮುದ್ರ ಸಾಗಣೆ ಕಾಯಿದೆಯ ಕೆಳಗೆ ಲೈನ್ ಆಗಲಿ, ಬೆಲೆ ಘೋಷಿಸದ ಮಾಲಿಗೆ ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕಿಲೋಗೆ 2 ಎಸ್‌ಡಿಆರ್, ಯಾವುದು ಜಾಸ್ತಿಯೋ ಅಷ್ಟರವರೆಗೆ ಹೊಣೆ. ಎಸ್‌ಡಿಆರ್ ಎಂದರೆ ಐಎಂಎಫ್‌ನ ಲೆಕ್ಕದ ಹಣ, ಒಂದಕ್ಕೆ ಒಂದೂಕಾಲು ಡಾಲರಿಗಿಂತ ಸ್ವಲ್ಪ ಹೆಚ್ಚು. ನಿಮ್ಮದು 8 ಕಿಲೋದ 200 ಬಾಕ್ಸ್ ಎಂದುಕೊಳ್ಳಿ. ಬಿಎಲ್‌ನಲ್ಲಿ 200 ಬಾಕ್ಸ್ ಎಂದು ಬರೆದಿದ್ದರೆ ಮಿತಿ ಬಾಕ್ಸಿಗೆ 666.67, ತಟ್ಟೆ ಬಾಕ್ಸಿನ ಬೆಲೆ ಅಷ್ಟು ಇರುವುದೇ ಇಲ್ಲ. ಬರೀ "5 ಪ್ಯಾಲೆಟ್" ಎಂದು ಬರೆದಿದ್ದರೆ ಐದೇ ಪ್ಯಾಕೇಜ್, ಎಲ್ಲಾ ಸೇರಿ ಸುಮಾರು 3,333 ಎಸ್‌ಡಿಆರ್‌ಗೆ ನಿಂತುಹೋಗುತ್ತದೆ (ತೂಕದ ಲೆಕ್ಕ 3,200, ಅದಕ್ಕಿಂತ ಕಡಿಮೆ). ಬಿಎಲ್ ಡ್ರಾಫ್ಟ್ ಬಂದಾಗ "5 ಪ್ಯಾಲೆಟ್‌ನಲ್ಲಿ 200 ಬಾಕ್ಸ್" ಎಂದು ಬರೆಸಿ.

ಸಮಯ ಇನ್ನೂ ಮುಖ್ಯ. ಹೊರಗೆ ಕಾಣದ ಹಾನಿಯಾದರೆ ಲೈನ್‌ಗೆ 3 ದಿನದೊಳಗೆ, ಎಂಟಿಒಗೆ 6 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ಕೇಸ್ ಹಾಕಲು ಲೈನ್ ವಿರುದ್ಧ 1 ವರ್ಷ, ಎಂಟಿಒ ವಿರುದ್ಧ ಬರೀ 9 ತಿಂಗಳು. "ಮಾತಾಡ್ತಾ ಇದ್ದೀವಿ, ಸೆಟ್ಲ್ ಮಾಡ್ತೀವಿ" ಎಂದು ದಿನ ದೂಡುವವರನ್ನು ನಂಬಿ ಕೂತರೆ ಈ ಅವಧಿ ಮುಗಿದುಹೋಗುತ್ತದೆ.

ನಿಮ್ಮ ಮಾಲಿಗೆ ದೊಡ್ಡ ಶತ್ರು ಬೂಸ್ಟು. ಹಾಳೆ ಸರಿಯಾಗಿ ಒಣಗದಿದ್ದರೆ ಕಂಟೇನರ್ ಒಳಗೆ ಬಿಸಿಲಿಗೆ ತೇವ ಎದ್ದು, ರಾತ್ರಿ ತಣಿದು, ಮೇಲಿಂದ ಹನಿಯುತ್ತದೆ. ಮಾಲಿನ ಸ್ವಂತ ಗುಣದಿಂದ ಅಥವಾ ಪ್ಯಾಕಿಂಗ್ ಸಾಲದೆ ಆದ ಹಾನಿಗೆ ಸಾಗಣೆದಾರ ಹೊಣೆಯಲ್ಲ. ಇನ್ಶೂರೆನ್ಸ್‌ನಲ್ಲೂ ಮಾಲಿನ ಗುಣದಿಂದಾದ ಹಾನಿಯನ್ನು ಹೊರಗೇ ಇಡುತ್ತಾರೆ. ಮಳೆಗಾಲದಲ್ಲಿ ತಯಾರಾದ ತಟ್ಟೆಯಾದರೆ ಡ್ರೈಯರ್‌ನಲ್ಲಿ ಒಣಗಿಸಿ, ತೇವಾಂಶ ಅಳೆದು ಬರೆದಿಡಿ. ಬಾಕ್ಸಿನೊಳಗೆ ತೇವ ಹೀರುವ ಚೀಲ ಹಾಕಿ, ತುಂಬುವಾಗ ಫೋಟೋ ತೆಗೆಯಿರಿ. ತಪ್ಪು ನಿಮ್ಮದಲ್ಲ ಎಂದು ತೋರಿಸಲು ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಇನ್ಶೂರೆನ್ಸ್ ಬಗ್ಗೆ ಬಹಳ ಜನರಿಗೆ ತಪ್ಪು ತಿಳುವಳಿಕೆ ಇದೆ. ಫಾರ್ವರ್ಡರ್ "ನಮಗೆ ಇನ್ಶೂರೆನ್ಸ್ ಇದೆ" ಎಂದರೆ ಅದು ಆತನ ಹೊಣೆಗೆ ಮಾಡಿಸಿದ್ದು, ನಿಮ್ಮ ಮಾಲಿಗಲ್ಲ. ನೀವು ಹೇಳದೆ ಆತ ನಿಮ್ಮ ಮಾಲಿಗೆ ಪಾಲಿಸಿ ಮಾಡಿಸುವುದೂ ಇಲ್ಲ. ಎಫ್‌ಒಬಿಯಲ್ಲಿ ಖರೀದಿದಾರರ ಪಾಲಿಸಿ ಸಾಮಾನ್ಯವಾಗಿ ಹಡಗು ಹತ್ತಿದ ಮೇಲಿನ ದಾರಿಗೆ. ನಿಮ್ಮ ಶೆಡ್ಡಿನಿಂದ ಘಾಟಿ ಇಳಿದು ಪಣಂಬೂರು ಬಂದರಿನಲ್ಲಿ ಹಡಗು ಹತ್ತುವವರೆಗಿನ ಭಾಗಕ್ಕೆ ನೀವೇ ಪಾಲಿಸಿ ಮಾಡಿಸಬೇಕು. ಲಾರಿ ಹೊರಡುವ ಹಿಂದಿನ ದಿನವೇ ಮಾಡಿಸಿ, ಪಾಲಿಸಿಯಲ್ಲಿ ಹೊರಡುವ ಜಾಗ ಮಂಗಳೂರು ಎಂದು ಬರೆಯದೆ ನಿಮ್ಮ ಊರಿನ ಹೆಸರನ್ನೇ ಬರೆಸಿ.