ಕುರ್ಚಿ ಖಾಲಿ, ತಪ್ಪು ಮಳೆಯದೇ?

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿರುವ ನಮ್ಮ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಆಫೀಸಿನ ಗೆಳೆಯರು ಅಂಟಿಸಿದ ಹುಚ್ಚಿನಿಂದ ಅವರು ವರ್ಷಕ್ಕೊಮ್ಮೆಯಾದರೂ ಸ್ಟಾಕ್ ಕಾರ್ ರೇಸ್ (ನೋಡಲು ಮಾಮೂಲಿ ಕಾರಿನ ಹಾಗಿರುವ ರೇಸ್ ಕಾರುಗಳ ಓಟ) ನೋಡಲು ಹೋಗುತ್ತಾರಂತೆ. ಹೋದಾಗಲೆಲ್ಲ ಖಾಲಿ ಕುರ್ಚಿಗಳನ್ನು ಕಂಡು ಬೇಸರವಾಗುತ್ತದಂತೆ. ಗೆಳೆಯರನ್ನು ಕೇಳಿದರೆ "ಹವಾಮಾನ ಸರಿಯಿಲ್ಲ, ಅದಕ್ಕೇ ಜನ ಬಂದಿಲ್ಲ" ಎನ್ನುವ ಉತ್ತರ. "ಇದು ನಿಜವೇ, ಇಲ್ಲ ಸುಮ್ನೆ ನೆಪವೇ? ಎಷ್ಟು ಜನ ಕಡಿಮೆಯಾಗಿದ್ದಾರೆ? ಏಳು ವರ್ಷದ ಮಗಳನ್ನು ಬರುವ ಮೇ ತಿಂಗಳಲ್ಲಿ ಮೊದಲ ರೇಸಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಹೋಗಲೇ, ಬೇಡವೇ?" ಎಂದು ಕೇಳಿದ್ದಾರೆ.

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದೂರದಲ್ಲಿ ಕೂತು ಈ ಆಟವನ್ನು ವರ್ಷಗಟ್ಟಲೆ ಹಿಂಬಾಲಿಸಿದವನು ನಾನು. ಆ ಖಾಲಿ ಕುರ್ಚಿಗಳು ನನ್ನನ್ನೂ ಕಾಡುತ್ತವೆ.

ನನ್ನ ಉತ್ತರ ಇಷ್ಟು. ಮಳೆ ನೆಪವಲ್ಲ. ಆದರೆ ಜನ ಕಡಿಮೆಯಾದದ್ದು ಮಳೆಯಿಂದ ಶುರುವಾಗಲಿಲ್ಲ. ಮೊದಲೂ ಅಷ್ಟೇ ಮಳೆ ಬರುತ್ತಿತ್ತು, ಅಷ್ಟೇ ಬಿಸಿಲು ಸುಡುತ್ತಿತ್ತು. ಆಗ ಜನ ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಕೊಂಡಿರುತ್ತಿದ್ದರು. ಆ ದಿನದ ಆಕಾಶ ಹೇಗಿದ್ದರೂ ಹೊರಟುಬಿಡುತ್ತಿದ್ದರು. ಈಗ ಬಹಳ ಮಂದಿ ರೇಸಿನ ವಾರದವರೆಗೆ ಕಾಯುತ್ತಾರೆ. ಫೋನ್‌ನಲ್ಲಿ ಮೋಡದ ಚಿತ್ರ ಕಂಡರೆ ಮನೆಯಲ್ಲೇ ಉಳಿಯುತ್ತಾರೆ. ಮಳೆಗೆ ಈ ಶಕ್ತಿ ಬಂದದ್ದು ಇತ್ತೀಚೆಗೆ.

ಟೆನೆಸಿಯ ಬ್ರಿಸ್ಟಲ್ ಟ್ರ್ಯಾಕನ್ನೇ ನೋಡಿ. ಅಲ್ಲಿ ಒಂದು ಸುತ್ತು ಅರ್ಧ ಮೈಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸುತ್ತಲೂ ಬಟ್ಟಲಿನ ಹಾಗೆ ಎದ್ದು ನಿಂತ ಗ್ಯಾಲರಿ. ತುಂಬಿದ ಕಾಲದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಿದ್ದರು. 1982ರಿಂದ ಸತತ 55 ಕಪ್ ರೇಸ್‌ಗಳಿಗೆ (ಈ ಆಟದ ಅತಿ ಮೇಲಿನ ದರ್ಜೆಯ ರೇಸ್‌ಗಳಿಗೆ) ಅಲ್ಲಿ ಒಂದು ಟಿಕೆಟ್ಟೂ ಉಳಿಯಲಿಲ್ಲ. ಅಪ್ಪನ ಸೀಟು ಮಗನಿಗೆ ಹೋಗುತ್ತಿತ್ತು. ಹೊಸಬರು ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕಿತ್ತು. ಆ ಬೆಟ್ಟದ ಸೀಮೆಯಲ್ಲಿ ಮಾರ್ಚ್ ಅಂದರೆ ಇನ್ನೂ ಚಳಿಯೇ. ಆದರೂ ಕಂಬಳಿ ಹೊದ್ದು ಕೂತು ನೋಡುತ್ತಿದ್ದರು. 2010ರ ಮಾರ್ಚ್‌ನಲ್ಲಿ ಈ ಸರಣಿ ಮುರಿಯಿತು. ಆ ವರ್ಷ ಚಳಿ ಹೊಸದಾಗಿ ಬಂದಿತ್ತೇ? ಇಲ್ಲ. ಹೊಸದಾಗಿ ಬಂದದ್ದು ಕೆಲಸದ ಅಭದ್ರತೆ. 2008ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ದಾಟಿತು. ಅದರ ಹಿಂದೆಯೇ ಬ್ಯಾಂಕುಗಳು ಕುಸಿದವು. ಈ ರೇಸ್‌ಗಳ ಪ್ರೇಕ್ಷಕರು ನೂರಾರು ಮೈಲಿ ಕಾರು ಓಡಿಸಿಕೊಂಡು ಬರುವವರು. ರೇಸಿನ ವಾರ ಮೋಟೆಲ್‌ಗಳು ಬಾಡಿಗೆ ಏರಿಸುತ್ತವೆ, ಎರಡು ಮೂರು ರಾತ್ರಿ ಉಳಿಯಲೇಬೇಕು ಅಂತ ಹಟ ಹಿಡಿಯುತ್ತವೆ. ಸಂಬಳ ನಂಬಿ ಬದುಕುವ ಸಂಸಾರ ಮೊದಲು ಕೈಬಿಡುವುದು ಇಂಥ ಖರ್ಚನ್ನೇ ಅಲ್ವಾ?

ಬಿಸಿಲಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಗೆಳೆಯರಿಗೆ ಇದನ್ನು ದಯವಿಟ್ಟು ಹೇಳಿ. ಸೌತ್ ಕ್ಯಾರೊಲಿನಾದ ಡಾರ್ಲಿಂಗ್ಟನ್ ಎನ್ನುವ ಸಣ್ಣ ಊರಿನಲ್ಲಿ 1950ರಿಂದ ಸದರ್ನ್ 500 ರೇಸ್ ನಡೆಯುತ್ತಿತ್ತು. ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆ ಅದರ ಕಾಲ. ಬೆವರು ಇಳಿಸುವ ಸೆಕೆ. ಆದರೂ ಅರ್ಧ ಶತಮಾನ ಜನ ಬಂದರು. ಅದು ಅವರ ಜಾತ್ರೆ. 2004ರಲ್ಲಿ ಈ ರೇಸ್‌ಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಆ ರಜೆಯ ವಾರವನ್ನು ಕಿತ್ತು ಕ್ಯಾಲಿಫೋರ್ನಿಯಾದ ಫಾಂಟಾನಾಕ್ಕೆ ಕೊಟ್ಟಿತು. ಲಾಸ್ ಏಂಜಲಿಸ್ ಪಕ್ಕದಲ್ಲೇ ಇದೆ, ದೊಡ್ಡ ಮಾರುಕಟ್ಟೆ ಎನ್ನುವ ಲೆಕ್ಕ. ಅಲ್ಲಿ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಗ್ಯಾಲರಿಗಳು ಖಾಲಿ ಉಳಿದವು. ಎಲ್ಲರೂ ಬಿಸಿಲನ್ನು ದೂರಿದರು. ಆದರೆ ಡಾರ್ಲಿಂಗ್ಟನ್ನಿನಲ್ಲೇನು ತಂಪಿತ್ತೇ? ಅಲ್ಲಿಯವರಿಗೆ ಬಿಸಿಲನ್ನು ಸಹಿಸಲು ಒಂದು ಕಾರಣವಿತ್ತು. ಫಾಂಟಾನಾದಲ್ಲಿ ಆ ಕಾರಣ ಇನ್ನೂ ಹುಟ್ಟಿರಲಿಲ್ಲ.

ಫಾಂಟಾನಾಕ್ಕೆ ಮಳೆಯೂ ಕಾಟ ಕೊಟ್ಟಿತು. 2008ರ ಫೆಬ್ರವರಿ ರೇಸಿನಲ್ಲಿ ಮಳೆ ನಿಂತ ಮೇಲೂ ಟ್ರ್ಯಾಕಿನ ಬಿರುಕುಗಳಿಂದ ನೀರು ಜಿನುಗುತ್ತಲೇ ಇತ್ತು. ರೇಸ್ ಸೋಮವಾರ ಮುಗಿಯಿತು. ಲೇಬರ್ ಡೇ ರೇಸ್ ಕೊನೆಗೆ 2015ರಲ್ಲಿ ಡಾರ್ಲಿಂಗ್ಟನ್ನಿಗೇ ವಾಪಸ್ ಬಂತು. ಹಳೇ ಕಾಲದ ಬಣ್ಣ ಬಳಿದ ಕಾರುಗಳು ಅಲ್ಲಿ ಓಡಿದ್ದನ್ನು ನೋಡಿ ನನಗೆ ತುಂಬಾ ಖುಷಿಯಾಗಿತ್ತು. ಒಂದು ಊರಿನ ಹಬ್ಬವನ್ನು ಊರಿಗೇ ಕೊಟ್ಟರು ಅನ್ನಿಸಿತು.

ಈ ಆಟವನ್ನು ನೋಡದ ಓದುಗರಿಗಾಗಿ ಒಂದು ಮಾತು. ಮಳೆಯಲ್ಲಿ ಈ ಕಾರುಗಳು ಯಾಕೆ ನಿಲ್ಲುತ್ತವೆ? ಇವುಗಳ ಟೈರಿಗೆ ಗೆರೆಗಳೇ ಇಲ್ಲ, ಬೋಳು. ಒಣ ರಸ್ತೆಗೆ ಗಟ್ಟಿಯಾಗಿ ಅಂಟುತ್ತವೆ, ಒದ್ದೆಯಾದರೆ ಜಾರುತ್ತವೆ. ಫ್ಲೋರಿಡಾದ ಡೇಟೋನಾದಂಥ ಟ್ರ್ಯಾಕಿನ ತಿರುವುಗಳು 31 ಡಿಗ್ರಿ ಓರೆಯಾಗಿ ಎದ್ದಿವೆ. ಆ ಏರಿನ ಮೇಲೆ ಗಂಟೆಗೆ 180 ಮೈಲಿ ವೇಗದಲ್ಲಿ ಜಾರಿದರೆ ಗೋಡೆಯೇ ಗತಿ. ಹಾಗಾಗಿ ಮಳೆ ಬಂದರೆ ರೇಸ್ ನಿಲ್ಲುತ್ತದೆ. ಬಿಸಿಗಾಳಿ ಊದುವ ಜೆಟ್ ಎಂಜಿನ್ನಿನ ಟ್ರಕ್‌ಗಳು ಟ್ರ್ಯಾಕ್ ಒಣಗಿಸುತ್ತವೆ. ಅಲ್ಲಿ ನಡೆಯುವ ಈ ಆಟದ ಅತಿ ಹೆಸರಾಂತ ರೇಸ್ ಡೇಟೋನಾ 500. 2012ರ ಆ ರೇಸಿನಲ್ಲಿ ವಾನ್ ಪಾಬ್ಲೊ ಮೊಂಟೊಯಾ ಎನ್ನುವ ಚಾಲಕನ ಕಾರು ಇಂಥ ಟ್ರಕ್ಕಿಗೇ ಗುದ್ದಿ ಟ್ರ್ಯಾಕಿನ ಮೇಲೆ ಬೆಂಕಿ ಹರಿದಿತ್ತು. ಮಳೆಯಿಂದ ಆ ರೇಸ್ ಮರುದಿನಕ್ಕೆ ಹೋದದ್ದೂ ಅದೇ ಮೊದಲು. 2013ರಿಂದ ಗಾಳಿಯಿಂದ ನೀರನ್ನು ಬೀಸಿ ಹಾಕುವ ಏರ್ ಟೈಟನ್ ಯಂತ್ರಗಳೂ ಬಂದಿವೆ. ಸಣ್ಣ ಟ್ರ್ಯಾಕ್‌ಗಳಿಗೆ ಗೆರೆಯಿರುವ ಟೈರೂ ಬಂದಿದೆ. 2024ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ರೇಸನ್ನು ಆ ಟೈರಿನಲ್ಲೇ ಮುಗಿಸಿದರು. ಗೆದ್ದವರು ಕ್ರಿಸ್ಟಫರ್ ಬೆಲ್. ದೊಡ್ಡ ಟ್ರ್ಯಾಕ್‌ಗಳಲ್ಲಿ ಇನ್ನೂ ಕಾಯುವುದೊಂದೇ ದಾರಿ.

ಕಾಯುವುದು ಎಂಥ ಕಷ್ಟ ಅನ್ನುವುದು ನಿಮ್ಮ ರಾಜ್ಯದಲ್ಲೇ 2024ರ ಮೇ 26ರ ರಾತ್ರಿ ಕಂಡಿತು. ಶಾರ್ಲಟ್‌ನ ಕೋಕಾ-ಕೋಲಾ 600 ರೇಸದು. 400 ಸುತ್ತುಗಳಲ್ಲಿ 249 ಮುಗಿದಾಗ ಮಳೆ ಬಂತು. ಮಳೆ ನಿಂತಿತು, ಯಂತ್ರಗಳು ಓಡಿದವು, ಜನ ಕೂತೇ ಇದ್ದರು. ಕೈಲ್ ಲಾರ್ಸನ್ ಎನ್ನುವ ಚಾಲಕ ಅದೇ ದಿನ ಇಂಡಿಯಾನಾಪೊಲಿಸ್ 500 ಎನ್ನುವ ಇನ್ನೊಂದು ರೇಸ್ ಓಡಿಸಿ, ಅಲ್ಲಿಯೂ ಮಳೆಗೆ ನಾಲ್ಕು ಗಂಟೆ ಕಳೆದುಕೊಂಡು ಹಾರಿ ಬಂದಿದ್ದರು. ಹೆಲ್ಮೆಟ್ ಹಿಡಿದು ಕಾದರು. ಗಾಳಿಯಲ್ಲಿ ತೇವ ಜಾಸ್ತಿ ಇದ್ದುದರಿಂದ ಟ್ರ್ಯಾಕ್ ಒಣಗಲಿಲ್ಲ. ಮಧ್ಯರಾತ್ರಿ ಹತ್ತಿರವಾದಾಗ ರೇಸ್ ಮುಗಿಯಿತು ಎಂದು ಸಾರಿದರು. ಅರ್ಧ ದೂರ ದಾಟಿದ್ದರೆ ಫಲಿತಾಂಶ ನಿಲ್ಲುತ್ತದೆ ಎನ್ನುವುದು ನಿಯಮ. ಗೆದ್ದವರು ಅದೇ ಬೆಲ್. ಲಾರ್ಸನ್ ಅಲ್ಲಿ ಒಂದು ಸುತ್ತೂ ಓಡಿಸಲಿಲ್ಲ. ಆ ರಾತ್ರಿ ಮಕ್ಕಳನ್ನು ಹೆಗಲ ಮೇಲೆ ಮಲಗಿಸಿಕೊಂಡು ಪಾರ್ಕಿಂಗ್ ಕಡೆ ನಡೆದ ಅಪ್ಪ ಅಮ್ಮಂದಿರು ಮುಂದಿನ ಸಲ ಟಿಕೆಟ್ ಕೊಳ್ಳುವ ಮುಂಚೆ ಒಂದು ಗಳಿಗೆ ಯೋಚಿಸುತ್ತಾರೆ. ಅವರದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಳೆ ಮನುಷ್ಯರ ಕೈಯಲ್ಲಿಲ್ಲ, ಗಡಿಯಾರ ಇದೆ. ದಕ್ಷಿಣದ ರಾಜ್ಯಗಳಲ್ಲಿ ಬೇಸಿಗೆಯ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಇದು ಅಲ್ಲಿನ ರೈತರಿಗೂ ಗೊತ್ತು. ಹಾಗಿದ್ದರೂ ಟಿವಿಯವರ ಅನುಕೂಲಕ್ಕೆ ರೇಸ್ ಶುರುವಾಗುವ ಹೊತ್ತು ತಡವಾಯಿತು. ಬೇಗ ಶುರು ಮಾಡಿದ್ದರೆ ಮುಗಿದೇ ಹೋಗುತ್ತಿದ್ದ ರೇಸ್‌ಗಳು ಮೋಡದ ಕೈಗೆ ಸಿಕ್ಕವು. 2025ರಲ್ಲಿ ಮುನ್ಸೂಚನೆ ನೋಡಿ ಡೇಟೋನಾ 500ನ್ನು ಒಂದು ಗಂಟೆ ಮೊದಲೇ ಶುರು ಮಾಡಿದರು. ಅದೂ ಸಾಲದೆ ಮಳೆಗೆ ಮೂರು ಗಂಟೆಗೂ ಹೆಚ್ಚು ನಿಂತಿತು ನಿಜ. ಆದರೂ ಆ ಬುದ್ಧಿ ಒಳ್ಳೆಯದು. ಮೈಲಿಗಟ್ಟಲೆ ಓಡಿಸಿಕೊಂಡು ಬಂದವನ ಹೊತ್ತಿಗೂ ಬೆಲೆ ಇದೆ, ಸೋಫಾದಲ್ಲಿ ಕೂತವನ ಹೊತ್ತಿಗೆ ಮಾತ್ರವಲ್ಲ.

ಟಿವಿಯನ್ನು ಬರೀ ಬೈಯಲೂ ನನಗೆ ಮನಸ್ಸಿಲ್ಲ. 1979ರ ಫೆಬ್ರವರಿ 18ರಂದು ಪೂರ್ವ ಕರಾವಳಿಯಲ್ಲಿ ಭಾರೀ ಹಿಮ ಬಿತ್ತು. ಜನ ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಅದೇ ದಿನ ಡೇಟೋನಾ 500 ಮೊದಲ ಸಲ ಶುರುವಿನಿಂದ ಕೊನೆಯವರೆಗೆ ನೇರ ಪ್ರಸಾರವಾಯಿತು. ಕೊನೆ ಸುತ್ತಿನಲ್ಲಿ ಮುಂದಿದ್ದ ಇಬ್ಬರು ಗುದ್ದಿಕೊಂಡರು, ಹಿಂದಿದ್ದ ರಿಚರ್ಡ್ ಪೆಟ್ಟಿ ಗೆದ್ದರು. ಗುದ್ದಿಕೊಂಡವರು ಹುಲ್ಲಿನ ಮೇಲೆ ಕೈ ಕೈ ಮಿಲಾಯಿಸಿದರು. ರೇಸ್ ಎಂದರೇನೆಂದೇ ಗೊತ್ತಿಲ್ಲದ ಮನೆಗಳು ಅವತ್ತು ಈ ಆಟಕ್ಕೆ ಮರುಳಾದವು. ಕೆಟ್ಟ ಹವೆಯೇ ಅವತ್ತು ಜನರನ್ನು ತಂದುಕೊಟ್ಟಿತು.

ಎಷ್ಟು ಜನ ಕಡಿಮೆಯಾದರು ಎಂದೂ ಕೇಳಿದ್ದೀರಿ. 2013ರಿಂದ ನಾಸ್ಕಾರ್ ಪ್ರೇಕ್ಷಕರ ಅಂದಾಜು ಸಂಖ್ಯೆ ಕೊಡುವುದನ್ನೇ ನಿಲ್ಲಿಸಿತು. ಆದರೆ ಕುರ್ಚಿಗಳ ಲೆಕ್ಕ ಎಲ್ಲರ ಕಣ್ಣಿಗೂ ಕಾಣುತ್ತದೆ. ಮಿಶಿಗನ್, ರಿಚ್ಮಂಡ್, ಟ್ಯಾಲಡೀಗಾ, ಎಲ್ಲ ಕಡೆ ಗ್ಯಾಲರಿಗಳನ್ನೇ ಬಿಚ್ಚಿ ತೆಗೆದರು. ಡೇಟೋನಾದಲ್ಲಿ 40 ಕೋಟಿ ಡಾಲರ್ ಖರ್ಚು ಮಾಡಿ, ಹಿಂಬದಿಯ ಗ್ಯಾಲರಿ ಕೆಡವಿ, ಸುಮಾರು 1,01,000 ಅಗಲವಾದ ಕುರ್ಚಿ ಉಳಿಸಿದರು. ಅದು 2016ರಲ್ಲಿ ಮುಗಿಯಿತು. ಆಮೇಲೆ ಡೇಟೋನಾ 500ರ ಟಿಕೆಟ್ ಮತ್ತೆ ಪೂರ್ತಿ ಮಾರಾಟವಾಗತೊಡಗಿತು. ಟಿಕೆಟ್ ಸಿಗದಿರಬಹುದು ಎನ್ನುವ ಭಯ ಇದ್ದಾಗ ಜನ ಮೊದಲೇ ಕೊಳ್ಳುತ್ತಾರೆ, ಮೊದಲೇ ಕೊಂಡವರು ಮೋಡ ನೋಡಿ ಮನೆಯಲ್ಲಿ ಕೂರುವುದಿಲ್ಲ.

ಇನ್ನು ಮಗಳ ವಿಷಯ. ಖಂಡಿತ ಕರೆದುಕೊಂಡು ಹೋಗಿ. ಮೇ ಕೊನೆಯ ಸೋಮವಾರದ ಹಿಂದಿನ ಭಾನುವಾರ ನಡೆಯುವ, ಶಾರ್ಲಟ್‌ನ ಆ 600 ಮೈಲಿ ರೇಸನ್ನೇ ಆರಿಸಿಕೊಳ್ಳಿ. ಮರುದಿನ ಮೆಮೋರಿಯಲ್ ಡೇ, ಶಾಲೆಗೂ ಆಫೀಸಿಗೂ ರಜೆ. 2023ರಲ್ಲಿ ಮಳೆಯಿಂದ ಅದು ಸೋಮವಾರಕ್ಕೆ ಹೋದಾಗ ಬಹಳ ಜನರಿಗೆ ಅನುಕೂಲವಾದದ್ದು ಇದೇ. ರೇಸ್ ಮುಂದೆ ಹೋಗಿ ನಿಮಗೆ ಬರಲಾಗದಿದ್ದರೆ ಟಿಕೆಟ್ಟಿನ ಹಣ ಇನ್ನೊಂದು ರೇಸಿಗೆ ಹೊಂದುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಈಗ ಕೆಲವು ಟ್ರ್ಯಾಕ್‌ಗಳು ಆ ಭರವಸೆ ಕೊಡುತ್ತವೆ. ಕೊಡೆ ಬಿಚ್ಚಿದರೆ ಹಿಂದೆ ಕೂತವರಿಗೆ ಕಾಣುವುದಿಲ್ಲ, ರೇನ್‌ಕೋಟ್ ಒಯ್ಯಿರಿ. ಮಗುವಿನ ಕಿವಿಗೆ ಸದ್ದು ತಡೆಯುವ ಇಯರ್ ಮಫ್ ಬೇಕೇ ಬೇಕು, ಇದನ್ನು ಮರೆಯಬೇಡಿ. ಹೊರಗಿನ ತಿಂಡಿ ಒಯ್ಯಲು ಸಾಮಾನ್ಯವಾಗಿ ಬಿಡುತ್ತಾರೆ, ಪುಳಿಯೋಗರೆ ಕಟ್ಟಿಕೊಳ್ಳಿ.

ರೇಸ್ ನೋಡಿ ಬಂದ ಮೇಲೆ ಮಗಳು ಏನಂದಳು ಅಂತ ಬರೆಯಿರಿ. ಅವಳ ಕೈಯಲ್ಲೇ ಬರೆಸಿದರೆ ಇನ್ನೂ ಸಂತೋಷ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

ಸಂಪಾದಕ