ಓದುಗರ ಪ್ರಶ್ನೆ: ಸಣ್ಣ ವಿಮಾನದಲ್ಲಿ ‘ಅದೇನು ಸದ್ದು?’

ಸಣ್ಣ ವಿಮಾನಗಳ ಸದ್ದಿನ ಬಗ್ಗೆ ಕರಾವಳಿಯ ಓದುಗರಿಂದ ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ. ಬಹುಪಾಲು ಪತ್ರಗಳು ನಾಲ್ಕು ಸೀಟಿನ ಸೆಸ್ನಾ 172ರ ಕುರಿತೇ ಇವೆ, ಆದ್ದರಿಂದ ಉತ್ತರದ ಅಂಕಿಗಳೂ ಅದರವೇ. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಸರಿ.

ಯಾವ ಸದ್ದಾದರೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಅದು ಎಂಜಿನ್ನಿನ ಬೆನ್ನು ಹಿಡಿದಿದೆಯೋ, ಗಾಳಿಯ ಬೆನ್ನು ಹಿಡಿದಿದೆಯೋ? ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ತುಸು ಕದಲಿಸಿ. ವೇಗ ಬದಲಾಗುವ ಮೊದಲೇ ಸದ್ದು ಬದಲಾದರೆ ಎಂಜಿನ್ ಕಡೆಯದು. ಥ್ರಾಟಲ್ ಮುಟ್ಟದೆ ಮೂಗು ಎತ್ತಿ ವೇಗ ಇಳಿಸಿದಾಗ ಸದ್ದು ತಗ್ಗಿದರೆ ಬಾಗಿಲು, ಕಿಟಕಿ, ಸಡಿಲ ತಗಡಿನ ಕಡೆಯದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಲಿವರ್ ಒಟ್ಟಿಗೆ ಎಳೆದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಜಕ್ಕೂರಿನಿಂದ ಬಜಪೆಗೆ ಹಳೆಯ 172ರಲ್ಲಿ ಬರುತ್ತಿದ್ದೆ. ಘಟ್ಟ ದಾಟಿ ಇಳಿಯತೊಡಗಿದ ಮೇಲೆ ಎಂಜಿನ್ ಗರಗರ ಎಂದು ನಡುಗಿತು. ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ಗುಂಡಿ) ಎಳೆದರೆ ನಡುಕ ಇನ್ನೂ ಜಾಸ್ತಿ! ಗಾಬರಿಯಾಗಿ ವಾಪಸ್ ಒತ್ತಿದೆ. ಹೊರಗೆ 25 ಡಿಗ್ರಿ. ಇಷ್ಟು ಸೆಕೆಯಲ್ಲಿ ಕಾರ್ಬ್ಯುರೇಟರಿಗೆ ಮಂಜುಗಡ್ಡೆ ಕಟ್ಟುತ್ತದೆಯೇ ಸರ್?
— ಓದುಗ, ಸುರತ್ಕಲ್

ಕಟ್ಟುತ್ತದೆ. ಅದರಲ್ಲೂ ನೀವು ಹೇಳಿದ ಜಾಗದಲ್ಲೇ ಕಟ್ಟುವ ಸಂಭವ ಹೆಚ್ಚು. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರಿನ ಕಿರಿದಾದ ಗಂಟಲಲ್ಲಿ ಗಾಳಿಯ ಒತ್ತಡ ಬೀಳುತ್ತದೆ, ಜೊತೆಗೆ ಪೆಟ್ರೋಲು ಆವಿಯಾಗುತ್ತದೆ. ಎರಡೂ ಸೇರಿ ಅಲ್ಲಿನ ಉಷ್ಣತೆ 30 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. 25 ಡಿಗ್ರಿಯ ಗಾಳಿ ಒಳಗೆ ಹೋಗಿ ಶೂನ್ಯಕ್ಕಿಂತ ಕೆಳಗಿಳಿದರೆ ಅದರಲ್ಲಿರುವ ತೇವ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯ ಮೇಲೆ ಗಡ್ಡೆಗಟ್ಟುತ್ತದೆ. ಅತಿ ಹೆಚ್ಚು ಕಾಟ ಹೊರಗಿನ ಉಷ್ಣತೆ 21 ಡಿಗ್ರಿಗಿಂತ ಕೆಳಗಿದ್ದು ತೇವಾಂಶ ಶೇ. 80 ದಾಟಿದಾಗ. ಆದರೆ ಕಡಿಮೆ ಶಕ್ತಿಯಲ್ಲಿ ಇಳಿಯುವಾಗ 38 ಡಿಗ್ರಿಯಲ್ಲೂ, ಶೇ. 50ರ ತೇವಾಂಶದಲ್ಲೂ ಆಗಬಹುದು.

ಪಶ್ಚಿಮಾಭಿಮುಖವಾಗಿ 8,500 ಅಡಿಯಲ್ಲಿ ಬಂದವರು ಬಜಪೆಯ ಮಟ್ಟಕ್ಕೆ ಸುಮಾರು 8,000 ಅಡಿ ಇಳಿಯಬೇಕು. ನಿಮಿಷಕ್ಕೆ 500 ಅಡಿಯಂತೆ 16 ನಿಮಿಷ. ಅಷ್ಟೂ ಹೊತ್ತು ಥ್ರಾಟಲ್ ಅರೆ ಮುಚ್ಚಿರುತ್ತದೆ, ಘಟ್ಟದ ಮೇಲಿನ ತಣ್ಣನೆ ಗಾಳಿಯಿಂದ ಕಡಲಿನ ಹಸಿ ಗಾಳಿಯೊಳಕ್ಕೆ ಎಂಜಿನ್ ಇಳಿಯುತ್ತಿರುತ್ತದೆ. ತಟ್ಟೆಯ ಸಂದು ಕಿರಿದಾಗಿರುವುದರಿಂದ ಸ್ವಲ್ಪ ಗಡ್ಡೆಯೂ ದಾರಿ ಮುಚ್ಚಲು ಸಾಕು. ಥ್ರಾಟಲ್ ತಗ್ಗಿಸಿದ್ದರಿಂದ ಎಂಜಿನ್ನಿನ ನಿಮಿಷದ ಸುತ್ತು, ಅಂದರೆ ಆರ್‌ಪಿಎಂ ಬಿದ್ದದ್ದೂ ಕಣ್ಣಿಗೆ ಬೀಳುವುದಿಲ್ಲ. ಅದು ಗೊತ್ತಾಗುವುದು ರನ್‌ವೇಗೆ ಮೊದಲು ಮತ್ತೆ ಶಕ್ತಿ ಕೇಳಿದಾಗ. ಗುಡ್ಡದ ತಲೆ ಕತ್ತರಿಸಿ ಮಾಡಿದ ಬಜಪೆಯ ರನ್‌ವೇಗೆ ಮೊದಲು ಎಂಜಿನ್ ಕೈಕೊಟ್ಟರೆ ಕೆಳಗೆ ಸಪಾಟು ನೆಲ ಸಿಗುವುದಿಲ್ಲ.

ಕಾರ್ಬ್ ಹೀಟ್ ಎಳೆದದ್ದು ಸರಿ, ವಾಪಸ್ ಒತ್ತಿದ್ದು ತಪ್ಪು. ಎಳೆದ ಕೂಡಲೇ ಬಿಸಿ, ತೆಳು ಗಾಳಿ ಬರುವುದರಿಂದ ಆರ್‌ಪಿಎಂ ಇನ್ನಷ್ಟು ಬೀಳುತ್ತದೆ. ಮತ್ತೆ ಕರಗಿದ ನೀರನ್ನು ಎಂಜಿನ್ ನುಂಗಬೇಕು, ಆಗ ಕೆಮ್ಮುತ್ತದೆ, ಮೈ ನಡುಗುತ್ತದೆ. ಅರ್ಧ ನಿಮಿಷ ಹಿಡಿಯಬಹುದು, ಗಡ್ಡೆ ದಪ್ಪಗಿದ್ದರೆ ಇನ್ನೂ ಹೆಚ್ಚು. ಆಮೇಲೆ ಆರ್‌ಪಿಎಂ ತಾನಾಗಿ ಮೇಲೇರುತ್ತದೆ. ಗಡ್ಡೆ ಇತ್ತು ಎಂಬುದಕ್ಕೆ ಆ ಏರಿಕೆಯೇ ಸಾಕ್ಷಿ. ಗುಂಡಿಯನ್ನು ಪೂರ್ತಿ ಎಳೆಯಿರಿ. ಕಾರ್ಬ್ಯುರೇಟರಿನ ಉಷ್ಣತೆ ತೋರಿಸುವ ಮೀಟರ್ ಇಲ್ಲದ ವಿಮಾನದಲ್ಲಿ ಅರ್ಧ ಎಳೆಯುವುದು ಅಪಾಯ, ಗಡ್ಡೆ ಇಲ್ಲದ ಕಡೆಯೂ ಕಟ್ಟೀತು. ಆ ಬಿಸಿ ಬರುವುದು ಎಕ್ಸಾಸ್ಟ್ ಕೊಳವೆಯ ಸುತ್ತಲಿನ ಕವಚದಿಂದ. ಎಂಜಿನ್ ನಿಂತುಹೋದರೆ ಬಿಸಿಯೂ ಸ್ವಲ್ಪ ಹೊತ್ತಿನಲ್ಲೇ ಆರುತ್ತದೆ, ಆದ್ದರಿಂದ ತಡಮಾಡಬಾರದು.

ಮುಂದಿನ ಸಲ ಥ್ರಾಟಲ್ ತಗ್ಗಿಸಿ ಆರ್‌ಪಿಎಂ ಮುಳ್ಳನ್ನು ಮೀಟರಿನ ಹಸಿರು ಪಟ್ಟಿಯಿಂದ ಕೆಳಗಿಳಿಸುವ ಮುನ್ನವೇ ಹೀಟ್ ಪೂರ್ತಿ ಎಳೆಯಿರಿ. ಇಳಿಯುವ ಉದ್ದಕ್ಕೂ ಆಗಾಗ ಥ್ರಾಟಲ್ ಸ್ವಲ್ಪ ತೆರೆದು ಎಂಜಿನ್ನನ್ನು ಬಿಸಿಯಾಗಿಡಿ. ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಬೇಕಾದರೆ ಪೂರ್ತಿ ಥ್ರಾಟಲಿನೊಂದಿಗೆ ಹೀಟ್ ಒಳಗೆ. ನೆಲದ ಮೇಲೆ ಹೆಚ್ಚು ಹೊತ್ತು ಎಳೆದಿಡಬೇಡಿ, ಆ ಗಾಳಿ ಫಿಲ್ಟರ್ ದಾಟಿ ಬರುವುದಿಲ್ಲ, ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ.

ಹೀಟ್ ಎಳೆದು ಒಂದೆರಡು ನಿಮಿಷವಾದರೂ ನಡುಕ ನಿಲ್ಲದಿದ್ದರೆ ಕಾರಣ ಬೇರೆ. ಟ್ಯಾಂಕ್ ಆರಿಸುವ ಫ್ಯುಯೆಲ್ ಸೆಲೆಕ್ಟರ್ ‘ಬೋತ್’ನಲ್ಲಿದೆಯೇ (ಎರಡೂ ಟ್ಯಾಂಕ್), ಚಾಲೂ ಮಾಡುವಾಗ ಪೆಟ್ರೋಲು ಒತ್ತುವ ಕೈಪಂಪು ಪ್ರೈಮರ್ ಒಳಗೆ ಕೂತು ಬೀಗವಾಗಿದೆಯೇ ನೋಡಿ. ಸಡಿಲವಾದ ಪ್ರೈಮರ್ ಮೂಲಕ ಎಂಜಿನ್ ಹೆಚ್ಚುವರಿ ಪೆಟ್ರೋಲು ಹೀರಿಕೊಂಡು ಒರಟಾಗಿ ಓಡುತ್ತದೆ. ಆಮೇಲೆ ಮಿಕ್ಸ್ಚರ್ (ಗಾಳಿ-ಪೆಟ್ರೋಲಿನ ಪಾಲು) ಹೊಂದಿಸಿ. ಕೊನೆಗೆ ಪ್ಲಗ್ಗುಗಳಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊ: ಎಡ, ಮತ್ತೆ ಬಲ. ಒಂದರಲ್ಲಿ ನುಣುಪಾಗಿ ಓಡಿದರೆ ಅದರಲ್ಲೇ ಬಿಟ್ಟು ಹತ್ತಿರದ ನಿಲ್ದಾಣಕ್ಕೆ ಇಳಿಯಿರಿ. ಒಂದರಲ್ಲಿ ಎಂಜಿನ್ ಸತ್ತೇ ಹೋದರೆ ತಕ್ಷಣ ಮ್ಯಾಗ್ನೆಟೊ ಕೀಲಿಯ ‘ಬೋತ್’ಗೆ (ಎರಡೂ) ಮರಳಿ.

ಹೊಸ 172ಆರ್, 172ಎಸ್ ಮಾದರಿಗಳಲ್ಲಿ ಕಾರ್ಬ್ಯುರೇಟರೇ ಇಲ್ಲ, ಪೆಟ್ರೋಲನ್ನು ಇಂಜೆಕ್ಟರ್ ಸಿಂಪಡಿಸುತ್ತದೆ. ಅಲ್ಲಿ ಈ ಕಾಟವಿಲ್ಲ. ಬದಲಿಗೆ ಬಿಸಿಲಲ್ಲಿ ಕೊಳವೆಯೊಳಗೆ ಪೆಟ್ರೋಲು ಆವಿಯಾಗಿ ಫ್ಯುಯೆಲ್ ಫ್ಲೋ ಮುಳ್ಳು ಕುಣಿಯಬಹುದು. ಆಗ ಆಕ್ಸಿಲರಿ ಪಂಪ್ ಹಾಕಿ, ಮಿಕ್ಸ್ಚರ್ ಹೊಂದಿಸಬೇಕು.

ನೆಲ ಬಿಟ್ಟ ಕೂಡಲೇ ಬಲಬದಿಯಿಂದ ಢಣ್ ಢಣ್ ಎಂದು ಬಡಿತ. ರೆಕ್ಕೆಯೇ ಕಳಚಿತೋ ಎನಿಸುವಷ್ಟು ಜೋರು. ಎಂಜಿನ್ ಮೀಟರುಗಳೆಲ್ಲ ಸರಿಯಾಗಿದ್ದವು.
— ಓದುಗರು, ಮಣಿಪಾಲ

ಬಲಬದಿಯ ಸೀಟಿನಲ್ಲಿ ಯಾರೂ ಇರಲಿಲ್ಲ ತಾನೇ? ಹಾಗಾದರೆ ನೂರಕ್ಕೆ ತೊಂಬತ್ತು ಪಾಲು ಅದು ಬಾಗಿಲಿಗೆ ಸಿಕ್ಕಿ ಹೊರಗೆ ನೇತಾಡುವ ಸೀಟ್ ಬೆಲ್ಟ್. ಬಕಲ್ ಅಲ್ಯೂಮಿನಿಯಂ ತಗಡಿಗೆ ಬಡಿಯುತ್ತದೆ, ಒಳಗೆ ಕೂತವರ ಎದೆಗೂ ಬಡಿಯುತ್ತದೆ. ವೇಗವನ್ನು 70 ನಾಟ್ ಸುಮಾರಿಗೆ ತಂದರೆ ಬಡಿತ ಇಳಿಯುತ್ತದೆ. ಮಾಮೂಲಿ ಸರ್ಕ್ಯೂಟ್ (ನಿಲ್ದಾಣದ ಸುತ್ತು) ಹಾರಿ ಇಳಿಯಿರಿ. ಬಣ್ಣ ಕಿತ್ತಿದೆಯೇ, ತಗಡು ನಜ್ಜಾಗಿದೆಯೇ ಎಂದು ಎಂಜಿನಿಯರ್ ನೋಡಲಿ. ಖಾಲಿ ಸೀಟಿನ ಬೆಲ್ಟನ್ನು ಹೊರಡುವ ಮುನ್ನವೇ ಹಾಕಿ ಬಿಗಿದಿಡುವುದು ಅಭ್ಯಾಸವಾಗಲಿ.

ಬಾಗಿಲೇ ತೆರೆದುಕೊಂಡರೆ ಸದ್ದು ಬೇರೆ: ಒಮ್ಮೆ ಢಬ್, ಆಮೇಲೆ ಕಿವಿಗಡಚಿಕ್ಕುವ ಗಾಳಿ, ಹಾರಾಡುವ ಕಾಗದ. 172ರ ಬಾಗಿಲು ಕೆಲವು ಅಂಗುಲವಷ್ಟೇ ತೆರೆಯುತ್ತದೆ, ಎದುರುಗಾಳಿ ಅದನ್ನು ಒತ್ತಿ ಹಿಡಿಯುತ್ತದೆ. ವಿಮಾನ ಚೆನ್ನಾಗಿಯೇ ಹಾರುತ್ತದೆ. ಅಪಾಯವಿರುವುದು ಬಾಗಿಲ ಕಡೆ ಬಾಗಿದ ಪೈಲಟ್‌ನಲ್ಲಿ. ಸಾಕಷ್ಟು ಎತ್ತರವಿದ್ದರೆ ಸುಮಾರು 75 ನಾಟ್‌ಗೆ ಟ್ರಿಮ್ ಮಾಡಿ (ಕೈಬಿಟ್ಟರೂ ಅದೇ ವೇಗ ನಿಲ್ಲುವಂತೆ ಹೊಂದಿಸಿ), ಬಾಗಿಲನ್ನು ಒಮ್ಮೆ ಸ್ವಲ್ಪ ಹೊರಗೆ ತಳ್ಳಿ, ಜೋರಾಗಿ ಎಳೆದು ಮುಚ್ಚಬಹುದು ಎನ್ನುತ್ತದೆ ಕೈಪಿಡಿ. ಒಬ್ಬರೇ ಇರುವ ವಿದ್ಯಾರ್ಥಿಗೆ ನಮ್ಮ ಸಲಹೆ: ಅದನ್ನೂ ಮಾಡಬೇಡಿ, ಹಾಗೆಯೇ ಇಳಿಯಿರಿ.

ಸಿಳ್ಳೆಯಂಥ ಸದ್ದಾದರೆ ಬಾಗಿಲ ರಬ್ಬರ್ ಪಟ್ಟಿ. ರಡರ್ ಒತ್ತಿ ವಿಮಾನವನ್ನು ತುಸು ಓರೆ ಮಾಡಿದಾಗ ಸಿಳ್ಳೆ ಬದಲಾದರೆ ಅದೇ.

ಇಳಿಯುವಾಗ ಕೊನೆ ಗಳಿಗೆಯಲ್ಲಿ ಎಡ ರೆಕ್ಕೆಯಿಂದ ಯಕ್ಷಗಾನದ ಶ್ರುತಿಪೆಟ್ಟಿಗೆ ಊದಿದ ಹಾಗೆ ಸ್ವರ ಬಂತು ಮಾರಾಯ್ರೆ! ಅಣ್ಣನ ಮಗ ಪೈಲಟ್, ಅವನು ನಕ್ಕು ಸುಮ್ಮನಾದ. ಏನದು?
— ಓದುಗರು, ಕಿನ್ನಿಗೋಳಿ

ನಿಮ್ಮ ಕಿವಿ ಚುರುಕಾಗಿದೆ. ಅದೂ ಶ್ರುತಿಪೆಟ್ಟಿಗೆಯಂತೆ ಗಾಳಿಯಿಂದ ಮಿಡಿಯುವ ರೀಡಿನದೇ ಸ್ವರ. 172ರ ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಕಿಂಡಿ ಇದೆ. ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುವ ವೇಗಕ್ಕಿಂತ 5ರಿಂದ 10 ನಾಟ್ ಮೊದಲೇ ಆ ಕಿಂಡಿಯಲ್ಲಿ ಒತ್ತಡ ಕುಸಿದು ಗಾಳಿ ಹೊರಗೆ ಸೆಳೆಯಲ್ಪಡುತ್ತದೆ, ರೀಡು ಕೂಗುತ್ತದೆ. ಇದು ಸ್ಟಾಲ್ ಎಚ್ಚರಿಕೆ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಕೂಗಿದರೆ ನಿಮ್ಮ ಅಣ್ಣನ ಮಗ ಚೆನ್ನಾಗಿಯೇ ಇಳಿಸಿದ್ದಾನೆ. ರನ್‌ವೇ ಕಡೆ ತಿರುಗುವಾಗ ಕೂಗಿದರೆ ನಗುವ ಮಾತಲ್ಲ: ತಕ್ಷಣ ಮೂಗು ತಗ್ಗಿಸಿ, ರೆಕ್ಕೆ ಸಮ ಮಾಡಿ, ಶಕ್ತಿ ಕೊಡಬೇಕು. ನಮ್ಮ ಕಡೆ ಕುಂಬಾರ ಹುಳ ಇಂಥ ಕಿಂಡಿಗಳಲ್ಲಿ ಮಣ್ಣು ಮೆತ್ತುವುದು ಮಾಮೂಲು. ಹೊರಡುವ ಮುನ್ನ ಕಿಂಡಿಗೆ ಕರವಸ್ತ್ರ ಇಟ್ಟು ಬಾಯಿಂದ ಗಾಳಿ ಎಳೆದರೆ ಸ್ವರ ಬರಬೇಕು.

ತೀರ ಬಿಟ್ಟು ಸಮುದ್ರದ ಮೇಲೆ ಹೋದೊಡನೆ ಎಂಜಿನ್ ಸದ್ದು ಬದಲಾಗುತ್ತದೆ, ಮರಳಿ ಬಂದರೆ ಸರಿಯಾಗುತ್ತದೆ. ಭ್ರಮೆಯೇ?
— ಓದುಗ, ಕುಂದಾಪುರ

ಹೆಚ್ಚಾಗಿ ಹೌದು. ಕೆಳಗೆ ಇಳಿಯುವ ಜಾಗ ಇಲ್ಲವಾದಾಗ ಕಿವಿ ಮೊದಲೇ ಇದ್ದ ಸದ್ದನ್ನು ಹೆಕ್ಕಿ ತೆಗೆಯುತ್ತದೆ. ಆದರೆ ಭ್ರಮೆ ಎಂದು ತಳ್ಳಿಹಾಕುವ ಮೊದಲು ಆರ್‌ಪಿಎಂ, ಆಯಿಲ್ ಪ್ರೆಶರ್, ಆಯಿಲ್ ಉಷ್ಣತೆ ಮೂರನ್ನೂ ಓದಿ. ತೀರದ ಮೇಲಿದ್ದಾಗಲೇ ಅವನ್ನು ಬರೆದಿಟ್ಟುಕೊಂಡಿದ್ದರೆ ಹೋಲಿಸಬಹುದು. ಆಯಿಲ್ ಪ್ರೆಶರ್ ಬಿದ್ದು ಉಷ್ಣತೆ ಏರುತ್ತಿದ್ದರೆ ಅದು ಭ್ರಮೆಯಲ್ಲ, ಕೂಡಲೇ ತೀರಕ್ಕೆ ತಿರುಗಿ.

ಕಿವಿಗೆ ಮದ್ದು ಎತ್ತರ. ಎಂಜಿನ್ ನಿಂತರೆ 172 ಪ್ರತಿ 1,000 ಅಡಿಗೆ ಗಾಳಿಯಿಲ್ಲದಾಗ ಸುಮಾರು ಒಂದೂವರೆ ನಾಟಿಕಲ್ ಮೈಲು, ಅಂದರೆ 2.8 ಕಿ.ಮೀ. ತೇಲುತ್ತದೆ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪ ಸುಮಾರು 6 ಕಿ.ಮೀ. ಲೆಕ್ಕದಲ್ಲಿ 2,200 ಅಡಿ ಸಾಕು. ತಿರುಗಲು ಹೋಗುವ ಎತ್ತರ, ಗಾಬರಿಯ ಕೆಲವು ಸೆಕೆಂಡು ಸೇರಿಸಿದರೆ 3,500 ಅಡಿಗಿಂತ ಕೆಳಗೆ ಅಲ್ಲಿಗೆ ಹೋಗಬೇಡಿ. ಮಧ್ಯಾಹ್ನದ ಪಡುಗಾಳಿ ತೀರಕ್ಕೆ ತಳ್ಳುತ್ತದೆ, ಬೆಳಗಿನ ನೆಲಗಾಳಿ ಉಲ್ಟಾ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ. ಗಾಳಿ ತುಂಬುವುದು ಮಾತ್ರ ಹೊರಬಿದ್ದ ಮೇಲೆ.

ಇನ್ನೊಂದು: ಸದ್ದಡಗಿಸುವ ಹೆಡ್‌ಸೆಟ್‌ಗಳು ಎಂಜಿನ್ನಿನ ತಗ್ಗು ಗುಡುಗನ್ನು ಅಳಿಸಿ, ಅದುವರೆಗೆ ಕೇಳದ ಚಿಕ್ಕ ಚಿಕ್ಕ ಸದ್ದುಗಳನ್ನು ಮುಂದೆ ತರುತ್ತವೆ. ಅನುಮಾನ ಬಂದರೆ ಒಂದು ಕಿವಿಯದ್ದು ಎತ್ತಿ ಕೇಳಿ.

ಹೆಡ್‌ಫೋನಿನಲ್ಲಿ ಕೀಂ ಎಂಬ ಸದ್ದು. ಥ್ರಾಟಲ್ ಜೊತೆ ಏರುತ್ತದೆ, ಇಳಿಯುತ್ತದೆ.
— ಪುತ್ತೂರು

ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್. ನೆಲದ ಮೇಲೆ ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಸ್ವಿಚ್ ಆರಿಸಿ. ಸದ್ದು ನಿಂತರೆ ಖಚಿತ. ಡಯೋಡ್ ಸುಟ್ಟಿರಬಹುದು, ಇಲ್ಲವೇ ಅರ್ಥಿಂಗ್ ತಂತಿಯ ತುದಿ ತುಕ್ಕು ಹಿಡಿದಿರಬಹುದು. ಉಪ್ಪುಗಾಳಿಯ ಊರಲ್ಲಿ ಎರಡನೆಯದನ್ನೇ ಮೊದಲು ಬಿಚ್ಚಿ ಉಜ್ಜಿಸಿ, ಖರ್ಚೂ ಕಡಿಮೆ.

ಮಳೆಗಾಲವಿಡೀ ವಿಮಾನ ಹ್ಯಾಂಗರಿನಲ್ಲಿತ್ತು. ಈಗ ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಒಂದು ನಿಮಿಷ ಲಟಪಟ ಎಂದು ಕುಲುಕುತ್ತದೆ, ಆಮೇಲೆ ಸರಿ. ಮ್ಯಾಗ್ನೆಟೊ ಪರೀಕ್ಷೆಯೂ ಚೆನ್ನಾಗಿದೆ. ಹಾರಬಹುದೇ?
— ವಿಮಾನದ ಪಾಲುದಾರರು, ಉಡುಪಿ

ಹಾರಬೇಡಿ. ಲೈಕಮಿಂಗ್ ಕಂಪನಿಯ ಎಂಜಿನ್ನಿನಲ್ಲಿ ತಣ್ಣಗಿರುವಾಗ ಕುಲುಕಿ ಬಿಸಿಯಾದಾಗ ಸರಿಹೋಗುವುದು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಅಂಟಿಕೊಳ್ಳುತ್ತಿರುವ ಲಕ್ಷಣ. ವಾಲ್ವಿನ ಕಾಂಡಕ್ಕೂ ಅದು ಜಾರುವ ಗೈಡಿಗೂ ನಡುವೆ ಇಂಗಾಲ, ಸೀಸದ ಕಿಟ್ಟ ಕಟ್ಟಿರುತ್ತದೆ. ಇಂದು ನೆಲದ ಮೇಲೆ ಒಂದು ನಿಮಿಷ ಅಂಟಿದ್ದು ನಾಳೆ ಗಾಳಿಯಲ್ಲಿ ಪೂರ್ತಿ ಅಂಟಿದರೆ ವಾಲ್ವನ್ನು ತಳ್ಳುವ ಪುಶ್‌ರಾಡ್ ಬಾಗುತ್ತದೆ, ನಾಲ್ಕರಲ್ಲಿ ಒಂದು ಸಿಲಿಂಡರ್ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ಕೊಳೆಯಾದರೆ ಒಂದು ಮ್ಯಾಗ್ನೆಟೊದಲ್ಲಿ ಮಾತ್ರ ಒರಟು. ವಾಲ್ವ್ ಆದರೆ ಕುಲುಕುವ ಹೊತ್ತಿನಲ್ಲಿ ಎರಡರಲ್ಲೂ ಒಂದೇ ಥರ. ಬಿಸಿಯಾದ ಮೇಲೆ ಮಾಡಿದ ಪರೀಕ್ಷೆ ಪಾಸಾಗುವುದು ಸಹಜವೇ.

ಸಿಲಿಂಡರ್ ಇಳಿಸಲೇಬೇಕೆಂದಿಲ್ಲ. ಪ್ಲಗ್ಗಿನ ರಂಧ್ರದಿಂದ ಹಗ್ಗ ತುರುಕಿ, ಪಿಸ್ಟನ್ ಮೇಲೇರಿಸಿ ವಾಲ್ವಿಗೆ ಒತ್ತು ಕೊಟ್ಟು, ಸ್ಪ್ರಿಂಗ್ ತೆಗೆಯುತ್ತಾರೆ. ಆಮೇಲೆ ವಾಲ್ವನ್ನು ಒಳಗೆ ಬಿಟ್ಟು ಗೈಡನ್ನು ರೀಮರಿನಿಂದ ಕೆರೆದು ಶುಚಿ ಮಾಡುತ್ತಾರೆ. ಪರವಾನಗಿ ಇರುವ ಎಂಜಿನಿಯರ್ ಕೆಲಸ ಇದು.

ಕುಲುಕುವಿಕೆಗಿಂತ ದೊಡ್ಡ ಚಿಂತೆ ಇನ್ನೊಂದಿದೆ. ಲೈಕಮಿಂಗಿನಲ್ಲಿ ವಾಲ್ವುಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಎಂಜಿನ್ನಿನ ಮೇಲ್ಭಾಗದಲ್ಲಿದೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆ ಜಾರಿ ಕೆಳಗಿಳಿದು, ಆಟಿ ತಿಂಗಳ ತೇವಕ್ಕೆ ಉಕ್ಕು ಬೆತ್ತಲಾಗುತ್ತದೆ, ತುಕ್ಕು ಹಿಡಿಯುತ್ತದೆ. ಕನಿಷ್ಠ 30 ದಿನಕ್ಕೊಮ್ಮೆ ಸತತ ಒಂದು ಗಂಟೆ, ಆಯಿಲ್ 74ರಿಂದ 93 ಡಿಗ್ರಿಯಲ್ಲಿರುವಂತೆ ಹಾರಿಸಬೇಕು ಎನ್ನುತ್ತದೆ ಕಂಪನಿಯ ಸೂಚನೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿ ಆರಿಸುವುದು ಇನ್ನೂ ಕೆಟ್ಟದ್ದು: ದಹನದ ನೀರಾವಿ ಎಣ್ಣೆಗೆ ಸೇರುತ್ತದೆ, ಅದನ್ನು ಓಡಿಸುವಷ್ಟು ಬಿಸಿ ಏರುವುದಿಲ್ಲ. ಮಳೆಗಾಲದಲ್ಲಿ ಹಾರಲಾಗದಿದ್ದರೆ ಜೂನ್‌ಗೆ ಮೊದಲೇ ರಕ್ಷಕ ಎಣ್ಣೆ ಹಾಕಿಸಿ, ಪ್ಲಗ್ಗಿನ ಜಾಗಕ್ಕೆ ತೇವ ಹೀರುವ ಸಿಲಿಕಾದ ಬಿರಡೆ ಹಾಕಿಸಿ. ಆಯಿಲ್ ಫಿಲ್ಟರನ್ನು 50 ಗಂಟೆಗೆ ಅಥವಾ 4 ತಿಂಗಳಿಗೆ, ಯಾವುದು ಮೊದಲೋ ಆಗ ಬದಲಿಸಿ. ಹಳೆಯದನ್ನು ಕತ್ತರಿಸಿ, ಮಡಿಕೆ ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರುಗಳಿದ್ದರೆ ಕ್ಯಾಮ್ ಸವೆಯುತ್ತಿರಬಹುದು.

ಇಳಿದ ಮೇಲೆ ಮೂಗಿನ ಚಕ್ರ ಗಡಗಡ ಎಂದು ಡ್ಯಾಶ್‌ಬೋರ್ಡನ್ನೇ ಅಲುಗಿಸುತ್ತದೆ.
— ಕಾರ್ಕಳ

ಯೋಕ್ (ಕೈಯ ಚುಕ್ಕಾಣಿ) ಹಿಂದಕ್ಕೆಳೆದು ಮೂಗಿನ ಭಾರ ಹಗುರ ಮಾಡಿ. ಬ್ರೇಕ್ ಜೋರಾಗಿ ಒತ್ತಬೇಡಿ, ಭಾರವೆಲ್ಲ ಮುಂದಕ್ಕೆ ಬರುತ್ತದೆ. ಎಂಜಿನಿಯರ್ ಮೂರು ಕಡೆ ನೋಡಲಿ: ಚಕ್ರದ ನಡುಕ ತಡೆಯುವ ಶಿಮ್ಮಿ ಡ್ಯಾಂಪರಿನ ಎಣ್ಣೆ, ಟಾರ್ಕ್ ಲಿಂಕಿನ ಸವೆದ ಬುಷ್, ಟೈರಿನ ಗಾಳಿ ಮತ್ತು ಬ್ಯಾಲೆನ್ಸ್. ವೇಗ ಹೆಚ್ಚಿಟ್ಟು ಮೂಗಿನ ಚಕ್ರವನ್ನೇ ಮೊದಲು ಊರುವವರಿಗೆ ಹೊಸ ಡ್ಯಾಂಪರೂ ಬಾಳುವುದಿಲ್ಲ.

ಹದ್ದು ಬಡಿದು ಧಡ್ ಎಂದರೆ?
— ಮೂಲ್ಕಿ

ಮೀನಿನ ದಕ್ಕೆಗಳಿರುವ ನಮ್ಮ ಕಡೆ ಸರಿಯಾದ ಪ್ರಶ್ನೆ. ಮೊದಲು ರೆಕ್ಕೆ ಸಮವಿಟ್ಟು ಹಾರಿಸಿ. ಎಂಜಿನ್ ನುಣುಪಾಗಿದ್ದರೆ, ಚುಕ್ಕಾಣಿಗಳು ಎಂದಿನಂತೆ ಸ್ಪಂದಿಸಿದರೆ ಹತ್ತಿರದ ನಿಲ್ದಾಣಕ್ಕೆ ತಿರುಗಿ. ರೆಕ್ಕೆಗೆ ಬಡಿದಿದ್ದರೆ ಫ್ಲ್ಯಾಪ್ (ರೆಕ್ಕೆಯ ಹಿಂಬದಿ ಇಳಿಸುವ ಹಲಗೆ) ತಡವಾಗಿ, ಸ್ವಲ್ಪ ಸ್ವಲ್ಪವೇ ಇಳಿಸಿ. ಒಂದು ಬದಿಯದ್ದು ಮಾತ್ರ ಇಳಿದರೆ ವಿಮಾನ ಮಗುಚುತ್ತದೆ. ಆಯಿಲ್ ಉಷ್ಣತೆಯ ಮೇಲೆ ಕಣ್ಣಿರಲಿ, ಗರಿಗಳು ಸಿಲಿಂಡರಿಗೆ ಗಾಳಿ ಹೋಗುವ ದಾರಿ ಕಟ್ಟಬಹುದು.

ಬಡಿದ ಮರುಗಳಿಗೆಯೇ ಮೀಟರ್ ಓದಲಾಗದಷ್ಟು ನಡುಕ ಶುರುವಾದರೆ ಪ್ರೊಪೆಲ್ಲರಿನ ತುದಿ ಹೋಗಿದೆ ಎಂದೇ ತಿಳಿಯಿರಿ. ಥ್ರಾಟಲ್ ಪೂರ್ತಿ ತಗ್ಗಿಸಿ, ಮಿಕ್ಸ್ಚರ್ ಎಳೆದು ಎಂಜಿನ್ ಆರಿಸಿ, ಸುತ್ತು ನಿಲ್ಲುವ ತನಕ ಸ್ಟಾಲ್ ಆಗದಂತೆ ವೇಗ ಇಳಿಸಿ. ಓಡುವ ಎಂಜಿನ್ ಆರಿಸಲು ಕೈ ಬರುವುದಿಲ್ಲ, ನಿಜ. ಆದರೆ ಕೆಲವೇ ಅಂಗುಲ ಮುರಿದ ಬ್ಲೇಡು ಎಂಜಿನ್ನನ್ನು ಅದರ ಕಟ್ಟಿನಿಂದಲೇ ಕಿತ್ತೊಗೆಯಬಲ್ಲದು. ಮೂಗಿನ ಭಾರ ಹೋದ ವಿಮಾನವನ್ನು ಆಮೇಲೆ ಯಾರೂ ಹಾರಿಸಲಾರರು. ಎಂಜಿನ್ ನಿಂತ ವಿಮಾನ ತೇಲುತ್ತದೆ. 65ರಿಂದ 68 ನಾಟ್ ಹಿಡಿದು, ಗದ್ದೆಯೋ ಮರಳೋ ಆರಿಸಿ, ತುರ್ತು ರೇಡಿಯೊ ಅಲೆ 121.5ರಲ್ಲಿ ‘ಮೇಡೇ’ ಕೂಗಿ.